ಕೂತು ಮಾಡುವ ಕೆಲಸ: ಹಂದಿಗೋಡಿನ ಮಕ್ಕಳ ಚರಿತ್ರೆ

ಉರ್ದು ಶಾಲೆಗೆ ಹೋಗುತ್ತಿದ್ದ ದಿನಗಳಲ್ಲಿ ನನಗೊಂದು ಗೊಂದಲವಿತ್ತು. ಮಸೀದಿಯ ಬಾಗಿಲಲ್ಲಿ ಕೋಲೂರಿ ನಿಲ್ಲುತ್ತಿದ್ದ, ಕಣ್ಣು ಕಾಣದ ಮುದುಕರೊಬ್ಬರನ್ನು ಎಲ್ಲರೂ 'ಹಾಫಿಜ್‌ಜೀ' ಎನ್ನುತ್ತಿದ್ದರು. ಹಾಫಿಜ್ ಎಂದರೆ ಇಡೀ ಕುರ್‌ಆನನ್ನು ಬಾಯಿಪಾಠ ಮಾಡಿದವರು ಎಂದು ನಮ್ಮ ಮೇಷ್ಟ್ರು ಹೇಳಿಕೊಟ್ಟಿದ್ದರು. ಈ ಮುದುಕರಿಗೋ ನಾಲ್ಕಾರು ಸೂರಾಗಳ ಹೊರತು ಬೇರೇನೂ ಬಾರದು. ಅದರ ಗುಟ್ಟು ತಿಳಿದದ್ದು ದೊಡ್ಡವನಾದ ಮೇಲೆ. ಕಣ್ಣಿಲ್ಲದ ಮಗುವನ್ನು ಎಳವೆಯಲ್ಲೇ ಕಂಠಪಾಠಕ್ಕೆ ಕೂರಿಸುವ ರೂಢಿ ನಮ್ಮಲ್ಲಿ ಹಳೆಯದು. ಅದು ಎಷ್ಟು ಬೇರೂರಿತೆಂದರೆ, ಆ ವಿದ್ಯೆಯ ಹೆಸರೇ ಕಣ್ಣು ಕಾಣದವರನ್ನೆಲ್ಲ ಗೌರವದಿಂದ ಕರೆಯುವ ಹೆಸರಾಯಿತು. ಹಿಂದಿ ಆಡುವವರು ಇದೇ ರೀತಿ 'ಸೂರದಾಸ್' ಎನ್ನುತ್ತಾರೆ.

ನಮ್ಮ ಕನ್ನಡ ನಾಡಿನಲ್ಲಿ ಇದಕ್ಕೆ ದೊಡ್ಡ ಉದಾಹರಣೆ ಗದುಗಿನ ವೀರೇಶ್ವರ ಪುಣ್ಯಾಶ್ರಮ. ಹುಟ್ಟುಗುರುಡರಾಗಿದ್ದ ಪಂಚಾಕ್ಷರಿ ಗವಾಯಿಗಳು (1892–1944) ಹಾನಗಲ್ಲಿನ ಕುಮಾರಸ್ವಾಮಿಗಳ ಆಸರೆಯಲ್ಲಿ ಬಾಲ್ಯದಲ್ಲೇ ಸಂಗೀತಕ್ಕೆ ಬಿದ್ದರು. ಮುಂದೆ ಕಿರಾನಾ ಘರಾನೆಯ ಉಸ್ತಾದ್ ಅಬ್ದುಲ್ ವಾಹಿದ್ ಖಾನರಿಂದಲೂ ಕಲಿತರು. ಅವರ ಶಿಷ್ಯ ಪುಟ್ಟರಾಜ ಗವಾಯಿಗಳು (1914–2010) ಹಸುಗೂಸಾಗಿದ್ದಾಗಲೇ ದೃಷ್ಟಿ ಕಳೆದುಕೊಂಡವರು. ಆ ಆಶ್ರಮದಲ್ಲಿ ಹಾಡು, ಹಾರ್ಮೋನಿಯಂ, ತಬಲ ಕಲಿತ ಅದೆಷ್ಟೋ ಮಕ್ಕಳು ಮುಂದೆ ಅದರಿಂದಲೇ ಅನ್ನ ಉಂಡರು. ಮೈಸೂರಿನಲ್ಲಿ 1901ರಷ್ಟು ಹಿಂದೆಯೇ ಎಂ. ಶ್ರೀನಿವಾಸರಾಯರು ಕಿವುಡ ಮತ್ತು ಕುರುಡ ಮಕ್ಕಳ ಶಾಲೆಯನ್ನು ತೆರೆದಿದ್ದರು.

ಇವೆಲ್ಲದರ ಹಿಂದೆ ಇದ್ದದ್ದು ಸರಳವಾದ ತಿಳಿವಳಿಕೆ. ಮಗುವಿಗೆ ಏನು ಆಗುವುದಿಲ್ಲ ಎಂದು ಗೊತ್ತಾದ ದಿನವೇ, ಏನು ಆಗುತ್ತದೆ ಎಂದು ಹುಡುಕಲು ಶುರುಮಾಡಬೇಕು. ಮೀಸೆ ಬಂದ ಮೇಲೆ ಹುಡುಕಿದರೆ ತಡವಾಗುತ್ತದೆ. ಈ ತಿಳಿವಳಿಕೆ ಯಾರ ಮನೆ ಬಾಗಿಲವರೆಗೆ ಬಂತು, ಯಾರ ಮನೆಗೆ ಬರಲಿಲ್ಲ ಎಂಬುದೂ ಚರಿತ್ರೆಯ ಭಾಗವೇ. ಆ ಚರಿತ್ರೆಯ ಒಂದು ಅಧ್ಯಾಯ ನಮ್ಮ ಸಾಗರ ಸೀಮೆಯಲ್ಲೇ ಇದೆ.

ಊರಿನ ಹೆಸರೇ ಕಾಯಿಲೆಯಾದದ್ದು

ಹಂದಿಗೋಡು ಸಾಗರ ಪೇಟೆಗೆ ದೂರವೇನಲ್ಲದ ಒಂದು ಹಳ್ಳಿ. 1974–75ರ ಹೊತ್ತಿಗೆ ಅಲ್ಲಿನ ಕೂಲಿಕಾರರ ಕೇರಿಯಲ್ಲಿ ಸೊಂಟ ಹಿಡಿದ, ಮೊಣಕಾಲು ಮಡಿಚಲಾಗದ ಹತ್ತಾರು ಜನರಿರುವುದು ಸರ್ಕಾರದ ಕಣ್ಣಿಗೆ ಬಿತ್ತು. ನಡಿಗೆ ಓಲಾಡುತ್ತದೆ, ಬರಬರುತ್ತಾ ಮೈ ಬಾಗುತ್ತದೆ, ನೋವು ಬಿಡುವುದಿಲ್ಲ. ಕಾಯಿಲೆ ಬಲಿತವರು ಅಂಗೈ ಊರಿ ತೆವಳುತ್ತಾರೆ. ಕೆಲವು ಮನೆಗಳಲ್ಲಿ ಮಕ್ಕಳು ಬೆಳೆಯದೆ ಗಿಡ್ಡವಾಗಿಯೇ ಉಳಿಯುತ್ತಾರೆ. ಹುಡುಕುತ್ತಾ ಹೋದಂತೆ ಇದೇ ಕಾಯಿಲೆ ಹೊಸನಗರ, ತೀರ್ಥಹಳ್ಳಿ ತಾಲೂಕುಗಳಲ್ಲೂ, ಆಚೆ ಚಿಕ್ಕಮಗಳೂರು ಜಿಲ್ಲೆಯಲ್ಲೂ ಸಿಕ್ಕಿತು. ಇದಕ್ಕೆ ಸಿಕ್ಕಿದವರಲ್ಲಿ ಬಹುಪಾಲು ಜನ ಚನ್ನಂಗಿ ಮತ್ತು ಛಲವಾದಿ ಎಂಬ ದಲಿತ ಸಮುದಾಯಗಳವರು. ಕಾಯಿಲೆಗೆ ಹಂದಿಗೋಡಿನ ಹೆಸರೇ ನಿಂತುಬಿಟ್ಟಿತು. ಕಣ್ಣಿಲ್ಲದ ಮಗುವಿಗೆ ವಿದ್ಯೆಯ ಹೆಸರು ಕೊಟ್ಟ ಸಮಾಜ ಈ ಮಕ್ಕಳಿಗೆ ರೋಗದ ಹೆಸರನ್ನು ಕೊಟ್ಟಿತು.

ಆ ಕಾಲವನ್ನು ಸ್ವಲ್ಪ ನೆನಪಿಸಿಕೊಳ್ಳಬೇಕು. ಇದೇ ಸಾಗರ ತಾಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರ ಸತ್ಯಾಗ್ರಹ ನಡೆದಿತ್ತು. ಅದಕ್ಕೆ ಬೆಂಬಲವಾಗಿ ಬಂದ ಲೋಹಿಯಾ ಬಂಧನಕ್ಕೊಳಗಾಗಿದ್ದರು. 1974ರ ಮಾರ್ಚ್ 1ರಿಂದ ದೇವರಾಜ ಅರಸರ ಭೂಸುಧಾರಣೆ ಜಾರಿಗೆ ಬಂತು. ಉಳುವವನು ಹೊಲದೊಡೆಯನಾದ. ಆದರೆ ಗೇಣಿಚೀಟಿಯೇ ಇಲ್ಲದೆ ಬರೀ ಕೂಲಿಗೆ ದುಡಿಯುತ್ತಿದ್ದವರ ಪಾಲಿಗೆ ಆ ಕಾಯಿದೆಯಿಂದ ಬಂದದ್ದು ಕಡಿಮೆ. ಭೂಮಿಯಿಲ್ಲದವನಿಗೆ ಇರುವ ಆಸ್ತಿಯೆಂದರೆ ಅವನ ಸೊಂಟ ಮತ್ತು ಮೊಣಕಾಲು. ಸಸಿ ನಾಟಿ ಮಾಡಲು ಬಗ್ಗಬೇಕು, ಬೆಟ್ಟದಿಂದ ಸೊಪ್ಪು ಹೊರಬೇಕು, ಅಡಿಕೆ ತೋಟದ ಏರುತಗ್ಗುಗಳಲ್ಲಿ ಗೊನೆ ಸಾಗಿಸಬೇಕು. ಕಾಯಿಲೆ ಬಂದು ತಾಗಿದ್ದು ಆ ಆಸ್ತಿಗೇ.

ಏಡಿಯಿಂದ ವಂಶವಾಹಿಯವರೆಗೆ

ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ ವಿಜ್ಞಾನಿಗಳು ಬಂದರು. ಕೆ.ಎ.ವಿ.ಆರ್. ಕೃಷ್ಣಮಾಚಾರಿ ಮತ್ತು ರಮೇಶ್ ಭಟ್ಟರು 1977–78ರಲ್ಲಿ ತಮ್ಮ ಅಧ್ಯಯನವನ್ನು ಪ್ರಕಟಿಸಿ, ಇದನ್ನು ಮಲೆನಾಡಿನ ಕೌಟುಂಬಿಕ ಸಂಧಿವಾತ ಎಂದು ಕರೆದರು. ಆಗ ಗದ್ದೆಗಳಿಗೆ ಕೀಟನಾಶಕ ಹೊಸದಾಗಿ ಬಂದಿತ್ತು. ಕೂಲಿಯವರು ಗದ್ದೆಯ ಏಡಿಗಳನ್ನು ಹಿಡಿದು ಸಾರು ಮಾಡಿ ತಿನ್ನುತ್ತಿದ್ದರು. ವಿಷ ಏಡಿಯ ಮೂಲಕ ಮೈಸೇರಿತು ಎಂಬ ಅನುಮಾನ ಹುಟ್ಟಿ ಊರೂರಿಗೆ ಹರಡಿತು. ಬಡವನ ರೋಗಕ್ಕೆ ಬಡವನ ಊಟವೇ ಕಾರಣವೆಂಬ ಮಾತು ಯಾರಿಗೂ ಆಶ್ಚರ್ಯ ಹುಟ್ಟಿಸಲಿಲ್ಲ.

ಮುಂದಿನ ವರ್ಷಗಳಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಕೆಲಸ ನಡೆಯಿತು. 1990ರ ದಶಕದಲ್ಲಿ ಲಖನೌದ ಸಂಜಯ ಗಾಂಧಿ ಸ್ನಾತಕೋತ್ತರ ವೈದ್ಯಕೀಯ ಸಂಸ್ಥೆಯ ಎಸ್.ಎಸ್. ಅಗರ್ವಾಲ್ ಮತ್ತು ಅವರ ಸಂಗಡಿಗರು ಎಕ್ಸ್‌ರೇಗಳನ್ನೂ ಮನೆತನಗಳ ವಂಶವೃಕ್ಷಗಳನ್ನೂ ನೋಡಿ, ಇದು ಎಲುಬಿನ ಬೆಳವಣಿಗೆಗೆ ಸಂಬಂಧಿಸಿದ ಆನುವಂಶಿಕ ಕಾಯಿಲೆ ಎಂದು ಸ್ಪಷ್ಟಪಡಿಸಿದರು. ಪ್ರಬಲ ವಂಶವಾಹಿಯ ಮೂಲಕ ಬರುವುದರಿಂದ ತಂದೆ ತಾಯಿಗಳಲ್ಲಿ ಒಬ್ಬರಿಗಿದ್ದರೂ ಹುಟ್ಟುವ ಪ್ರತಿ ಮಗುವಿಗೂ ಅರ್ಧಕ್ಕರ್ಧ ಸಂಭವ ಇದ್ದೇ ಇರುತ್ತದೆ. 'ಅವರವರೊಳಗೇ ಮದುವೆಯಾಗುತ್ತಾರೆ, ಅದಕ್ಕೇ ಹೀಗೆ' ಎಂದು ಸುಲಭವಾಗಿ ತೀರ್ಪು ಕೊಡುವವರು ಇದನ್ನು ಗಮನಿಸಬೇಕು. ಹೊರಗಿನಿಂದ ಹೆಣ್ಣು ತಂದರೂ ಈ ಸಂಭವ ತಪ್ಪುವುದಿಲ್ಲ. ಅಣ್ಣತಮ್ಮಂದಿರ ಮಕ್ಕಳೊಳಗೇ ಸಂಬಂಧ ಬೆಳೆಸುವ ನಮ್ಮಂಥವರಿಗಂತೂ ಬೆರಳು ತೋರಿಸುವ ಹಕ್ಕಿಲ್ಲ.

ಈ ವಿಜ್ಞಾನಿಗಳ ದುಡಿಮೆಗೆ ನಾವು ಋಣಿಗಳಾಗಿರಬೇಕು. ಆದರೆ ಹಂದಿಗೋಡಿನ ಬಗ್ಗೆ ಬರೆದದ್ದೆಲ್ಲ ಕಾರಣ ಹುಡುಕಿದ ಚರಿತ್ರೆಯೇ. ನೆತ್ತರು ಕೊಂಡೊಯ್ದರು, ಎಕ್ಸ್‌ರೇ ತೆಗೆದರು, ಅಕ್ಕಿ ಪರೀಕ್ಷಿಸಿದರು. 1975ರಲ್ಲಿ ಎಂಟು ವರ್ಷವಾಗಿದ್ದ ಮಗು, ವಂಶವಾಹಿಯ ವಿಷಯ ಸ್ಪಷ್ಟವಾಗುವ ಹೊತ್ತಿಗೆ ಇಪ್ಪತ್ತೈದು ದಾಟಿತ್ತು. ಕಾರಣ ಗೊತ್ತಾಗಲಿ ಎಂದು ಎಲ್ಲರೂ ಕಾಯುತ್ತಿದ್ದಾಗ ಆ ಮಗುವಿನ ಬಾಲ್ಯ ಕಾಯಲಿಲ್ಲ.

ಚಾಚಾನ ಅಂಗಡಿಯಲ್ಲಿ

ಇಲ್ಲಿ ನನ್ನ ಮನೆಯ ಒಂದು ಸಂಗತಿಯನ್ನು ಹೇಳಬೇಕು.

ನನ್ನ ಚಾಚಾ ಸಾಗರದಲ್ಲಿ ದರ್ಜಿ ಅಂಗಡಿ ಇಟ್ಟುಕೊಂಡಿದ್ದರು. ಶಾಲೆ ಬಿಟ್ಟ ಮೇಲೆ ನಾನು ಅಲ್ಲೇ ಇರುತ್ತಿದ್ದೆ. ಅಂಗಡಿಯಲ್ಲಿ ಪೋಲಿಯೋದಿಂದ ಒಂದು ಕಾಲು ಸಣಕಲಾದ ಹುಡುಗನೊಬ್ಬನಿದ್ದ, ನಮ್ಮ ಮೊಹಲ್ಲಾದವನೇ. ಒಂಬತ್ತನೇ ವಯಸ್ಸಿಗೇ ಅವನ ತಾಯಿ, ಶಾಲೆ ಮುಗಿದ ಮೇಲೆ ಕೆಲಸ ಕಲಿಯಲಿ ಎಂದು ತಂದು ಬಿಟ್ಟಿದ್ದಳು. ಮೊದಲು ಗುಂಡಿ ಹಚ್ಚಿದ, ಆಮೇಲೆ ಕಾಜಾ ಹಾಕಿದ, ಅಂಚು ಮಡಚುವುದನ್ನು ಕಲಿತ. ಹದಿನಾಲ್ಕಕ್ಕೆ ಗಟ್ಟಿಯಿದ್ದ ಕಾಲಿನಿಂದ ಮೆಷಿನ್ ತುಳಿಯತೊಡಗಿದ. ಈಗ ಅವನಿಗೆ ಸ್ವಂತ ಅಂಗಡಿಯಿದೆ, ಮಗಳ ಮದುವೆಯನ್ನೂ ಮಾಡಿದ್ದಾನೆ.

1990ರ ಆಸುಪಾಸಿನ ಒಂದು ಮಧ್ಯಾಹ್ನ ಹಂದಿಗೋಡಿನ ಕಡೆಯ ಹೆಂಗಸೊಬ್ಬಳು ಹನ್ನೆರಡು ಹದಿಮೂರರ ಮಗಳನ್ನು ಕರೆದುಕೊಂಡು ಅಂಗಡಿಗೆ ಬಂದಳು. ಹುಡುಗಿ ಮೆಟ್ಟಿಲು ಹತ್ತುವಾಗ ಗೋಡೆ ಹಿಡಿದಿದ್ದು ನನಗೆ ನೆನಪಿದೆ. ತಾಯಿ ಒಳಗೆ ಬರಲಿಲ್ಲ; ಹೊರಗೇ ನಿಂತು ಹೇಳಿದಳು: "ಇವ್ಳಪ್ಪಂಗೂ ಹಿಂಗೇ ಶುರುವಾಗಿದ್ದು ಸಾಬ್ರೇ. ನಿಂತು ಮಾಡೋ ಕೆಲ್ಸ ಇವ್ಳಿಗೆ ಆಗಲ್ಲ ಅಂತ ಈಗ್ಲೇ ಗೊತ್ತಾಗೈತೆ. ಕೂತು ಮಾಡೋ ಕೆಲ್ಸ ಏನಾರ ಕಲ್ಸಿ."

ಚಾಚಾ ಕೆಟ್ಟವರಲ್ಲ. ಹುಡುಗಿಯನ್ನು ಮೇಲೆ ಕೆಳಗೆ ನೋಡಿದರು. "ನೋಡಮ್ಮಾ, ಮೆಷಿನ್ ತುಳಿಯೋಕೆ ಸೊಂಟ ಗಟ್ಟಿ ಇರ್ಬೇಕು. ದಿನಾ ಬಸ್ಸಲ್ಲಿ ಬಂದು ಹೋಗೋದೂ ಕಷ್ಟ. ಇವಳ ಕೈಲಿ ಆಗಲ್ಲ" ಎಂದರು. ಚಹಾ ತರಿಸಿಕೊಟ್ಟರು. ಅವರು ಕುಡಿದು ಹೋದರು. ಮತ್ತೆ ಬರಲಿಲ್ಲ.

ಕಾಜಾ ಹಾಕಲು ಸೊಂಟ ಬೇಕಿರಲಿಲ್ಲ. ಗುಂಡಿ ಹಚ್ಚಲು ಕಾಲು ಬೇಕಿರಲಿಲ್ಲ. ಕೈಯಲ್ಲೇ ತಿರುಗಿಸುವ ಹೊಲಿಗೆ ಮೆಷಿನ್ನುಗಳೂ ಆಗ ಇದ್ದವು. ನಮ್ಮ ಮೊಹಲ್ಲಾದ ಹುಡುಗನಲ್ಲಿ ಏನು ಆಗುತ್ತದೆ ಎಂದು ಹುಡುಕಿದ ಅದೇ ಚಾಚಾ, ಈ ಹುಡುಗಿಯಲ್ಲಿ ಏನು ಆಗುವುದಿಲ್ಲ ಎಂಬುದನ್ನಷ್ಟೇ ಕಂಡರು. ಹುಡುಗ ನಮ್ಮವನಾಗಿದ್ದ. ಇಂದಿಗೂ ಈ ಮಾತನ್ನು ಬರೆಯುವಾಗ ನನ್ನ ಕೈ ಹಿಂದೆಗೆಯುತ್ತದೆ. ನಾನು ಆಗ ಹುಡುಗನಾಗಿದ್ದೆ ನಿಜ. ದೊಡ್ಡವನಾದ ಮೇಲೂ ಅವಳನ್ನು ಹುಡುಕಿಕೊಂಡು ಹೋಗಲಿಲ್ಲ ಎಂಬುದೂ ನಿಜ.

ಇದು ನಮ್ಮ ಅಂಗಡಿಯೊಂದರ ಕಥೆಯಲ್ಲ. ಸಾಗರವೆಂದರೆ ಗಂಧದ ಕೆತ್ತನೆಗೆ ಹೆಸರಾದ ಊರು. ಗುಡಿಗಾರರ ಮನೆಗಳಲ್ಲಿ ಮಕ್ಕಳು ಅಪ್ಪನ ಪಕ್ಕ ಕೂತು ಉಳಿ ಹಿಡಿಯುವುದನ್ನು ಕಲಿಯುತ್ತಾ ಬೆಳೆದರು. ದಿನವಿಡೀ ಕೂತು, ಕೈಬೆರಳಿನಿಂದ ಮಾಡುವ ಕೆಲಸವದು. ಅದೇ ತಾಲೂಕಿನಲ್ಲಿ ಕೂತು ಮಾಡುವ ಕೆಲಸವನ್ನು ಹುಡುಕುತ್ತಿದ್ದ ಮಕ್ಕಳೂ ಇದ್ದರು. ಆದರೆ ನಮ್ಮಲ್ಲಿ ಕಸುಬು ಜಾತಿಯ ಜೊತೆ ಕಟ್ಟಿಹಾಕಿಕೊಂಡಿದೆ. ಚನ್ನಂಗಿ ಕೇರಿಯ ಮಗುವಿಗೆ ತಾತನಿಂದ ಬಂದ ಕಸುಬು ಗದ್ದೆಯ ಕೂಲಿಯೊಂದೇ. ಆ ಕೂಲಿಯಲ್ಲೂ ಕೂತು ಮಾಡುವಂಥದ್ದು ಒಂದಿತ್ತು: ಅಡಿಕೆ ಸುಲಿಯುವುದು. ಕೊಯ್ಲಿನ ತಿಂಗಳುಗಳಲ್ಲಿ ಮೆಟ್ಟುಗತ್ತಿಯ ಮುಂದೆ ರಾತ್ರಿ ಬಹಳ ಹೊತ್ತು ಕೂತು, ಡಬ್ಬಕ್ಕಿಷ್ಟು ಎಂದು ಕೂಲಿ ಪಡೆಯುತ್ತಿದ್ದರು. ಈಚಿನ ವರ್ಷಗಳಲ್ಲಿ ಸುಲಿಯುವ ಯಂತ್ರಗಳು ಬಂದು ಅದೂ ಕಡಿಮೆಯಾಗಿದೆ.

ನೂರಕ್ಕೆ ನಲವತ್ತು

ಕಾನೂನು ಬರಲಿಲ್ಲವೆಂದಲ್ಲ. 1995ರ ಅಂಗವಿಕಲರ ಕಾಯಿದೆ ಹದಿನೆಂಟು ವರ್ಷದವರೆಗೆ ಉಚಿತ ಶಿಕ್ಷಣದ ಮಾತಾಡಿತು, ಸರ್ಕಾರಿ ಕೆಲಸಗಳಲ್ಲಿ ನೂರಕ್ಕೆ ಮೂರರ ಮೀಸಲಾತಿ ಕೊಟ್ಟಿತು. 2016ರ ಕಾಯಿದೆ ಏಳು ಬಗೆಯ ವೈಕಲ್ಯಗಳನ್ನು ಇಪ್ಪತ್ತೊಂದಕ್ಕೆ ಏರಿಸಿತು. ಅದರಲ್ಲಿ ಕುಬ್ಜತೆಯೂ ಸೇರಿದ್ದು ಹಂದಿಗೋಡಿನ ಕೆಲವು ಕುಟುಂಬಗಳಿಗೆ ದೊಡ್ಡ ಮಾತು. ಕೆಲಸದ ಮೀಸಲಾತಿ ನಾಲ್ಕಾಯಿತು, ಉನ್ನತ ಶಿಕ್ಷಣದಲ್ಲಿ ಐದಾಯಿತು.

ಆದರೆ ಈ ಸೌಲಭ್ಯಗಳ ಬಾಗಿಲಲ್ಲಿ ಒಂದು ಅಂಕಿ ಕೂತಿದೆ: ನೂರಕ್ಕೆ ನಲವತ್ತು. ವೈದ್ಯರು ಅಳತೆ ಮಾಡಿ ಕನಿಷ್ಠ ಅಷ್ಟು ಊನವಿದೆ ಎಂದು ಬರೆದುಕೊಟ್ಟರೆ ಮಾತ್ರ ಬಾಗಿಲು ತೆರೆಯುತ್ತದೆ. ಹಂದಿಗೋಡು ಕಾಯಿಲೆ ಹುಟ್ಟಿದ ದಿನವೇ ಕಾಣಿಸಿಕೊಳ್ಳುವುದಿಲ್ಲ. ಮಗು ಎಲ್ಲರಂತೆ ಓಡಾಡಿಕೊಂಡಿರುತ್ತದೆ. ಕೆಲವರಿಗೆ ಬಾಲ್ಯದಲ್ಲಿ, ಕೆಲವರಿಗೆ ಹದಿಹರೆಯದಲ್ಲಿ, ಇನ್ನು ಕೆಲವರಿಗೆ ಮೈ ಬಲಿತ ಮೇಲೆ ನೋವು ಶುರುವಾಗುತ್ತದೆ. ನೋವಿಗೆ ಶೇಕಡಾವಾರು ಇಲ್ಲ. ಐದು ಪರ್ಸೆಂಟಿನ ಕಾಲದಲ್ಲಿ ಕಲಿಸಬೇಕಾದದ್ದನ್ನು ನಲವತ್ತು ಪರ್ಸೆಂಟ್ ಆಗುವವರೆಗೆ ಮುಂದೂಡಿದರೆ, ಕೈಗೆ ಸಿಗುವುದು ಪಿಂಚಣಿ ಮಾತ್ರ, ಕಸುಬಲ್ಲ.

ಬೇರೆ ಎಷ್ಟೋ ಊನಗಳು ಮುನ್ಸೂಚನೆ ಕೊಡದೆ ಬರುತ್ತವೆ. ಪೋಲಿಯೋ ಒಂದು ರಾತ್ರಿಯ ಜ್ವರದಲ್ಲಿ ಬರುತ್ತಿತ್ತು. 2011ರ ಜನವರಿಯ ನಂತರ ನಮ್ಮ ದೇಶದಲ್ಲಿ ಕಾಡು ಪೋಲಿಯೋ ವೈರಾಣುವಿನ ಒಂದು ಪ್ರಕರಣವೂ ಕಂಡಿಲ್ಲವೆಂಬುದು ಸಮಾಧಾನದ ಸಂಗತಿ. ಹಂದಿಗೋಡು ಕಾಯಿಲೆಯ ವಿಚಾರ ಬೇರೆ. ಯಾವ ಮನೆಯಲ್ಲಿ ಬರಬಹುದೆಂದು ಗೊತ್ತಿದೆ. ತಯಾರಿಗೆ ವರ್ಷಗಳ ಕಾಲಾವಕಾಶವಿದೆ. ಬುದ್ಧಿಗೆ ಯಾವ ಕುಂದೂ ಇಲ್ಲ. ಹೀಗಿರುವಾಗ ಮಗು ನೆಟ್ಟಗೆ ನಡೆಯುತ್ತಿರುವಾಗಲೇ ಓದಿನ ಮೇಲೆ ಹೆಚ್ಚು ಗಮನ ಕೊಡಬಹುದು. ಹತ್ತರ ವಯಸ್ಸಿಗೇ ಕೈಕಸುಬಿನ ರುಚಿ ಹತ್ತಿಸಬಹುದು. ದಿನಾ ಸಂಕ ದಾಟಿ ಮೈಲಿಗಟ್ಟಲೆ ನಡೆಯಲಾರದ ಮಗುವಿಗೆ ತಾಲೂಕು ಕೇಂದ್ರದ ಹಾಸ್ಟೆಲಿನಲ್ಲಿ ನೆಲ ಅಂತಸ್ತಿನ ಕೋಣೆಯನ್ನೂ ಕುಕ್ಕರಗಾಲಲ್ಲಿ ಕೂರಬೇಕಿಲ್ಲದ ಪಾಯಿಖಾನೆಯನ್ನೂ ಕೊಡಬಹುದು. 2006–07ರಲ್ಲಿ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲು ಆರಂಭಿಸಿದಾಗ ಎಷ್ಟೋ ಹಳ್ಳಿಯ ಹುಡುಗಿಯರಿಗೆ ರೆಕ್ಕೆ ಬಂತು. ಸೊಂಟ ಸೋತ ಮಗುವಿಗೆ ಆ ಸೈಕಲ್ ಗೋಡೆಗೊರಗಿಸಿಡುವ ವಸ್ತುವಾಯಿತು. ಸಮಾನವಾಗಿ ಕೊಟ್ಟದ್ದೆಲ್ಲ ಸಮವಾಗಿ ಮುಟ್ಟುವುದಿಲ್ಲ.

ಹೆಗ್ಗೋಡಿನ ಪಕ್ಕದ ಭೀಮನಕೋಣೆಯಲ್ಲಿ 1990ರ ದಶಕದಲ್ಲಿ ಹುಟ್ಟಿದ ಚರಕ ಸಂಸ್ಥೆ, ನೇಕಾರಿಕೆಯ ಪರಂಪರೆಯೇ ಇಲ್ಲದ ಹಳ್ಳಿಗಳ ಹೆಂಗಸರಿಗೆ ಮಗ್ಗ, ಬಣ್ಣಗಾರಿಕೆ, ಹೊಲಿಗೆಯನ್ನು ಕಲಿಸಿ ತೋರಿಸಿತು. ಕಸುಬು ರಕ್ತದಲ್ಲಿ ಬರಬೇಕಿಲ್ಲ, ಕಲಿಸಿದರೆ ಬರುತ್ತದೆ ಎಂಬುದಕ್ಕೆ ನಮ್ಮ ತಾಲೂಕಿನಲ್ಲೇ ಪುರಾವೆಯಿದೆ.

ಕಾಯಿಲೆ ರಕ್ತದಲ್ಲಿ ಬರುತ್ತದೆ ಎಂಬುದನ್ನು ವಿಜ್ಞಾನ ಕಂಡುಹಿಡಿಯಲು ಇಪ್ಪತ್ತು ವರ್ಷ ಹಿಡಿಯಿತು. ನಮ್ಮ ಅಂಗಡಿಯ ಮೆಟ್ಟಿಲ ಕೆಳಗೆ ನಿಂತ ಆ ತಾಯಿಗೆ ಅದು ಗಂಡನನ್ನು ನೋಡಿಯೇ ತಿಳಿದಿತ್ತು. ಅದಕ್ಕೆ ಏನು ಮಾಡಬೇಕೆಂಬುದೂ ಅವಳಿಗೆ ತಿಳಿದಿತ್ತು. ಅವಳು ಔಷಧಿ ಕೇಳಲಿಲ್ಲ, ದುಡ್ಡು ಕೇಳಲಿಲ್ಲ. ಮಗಳಿಗೆ ಕೂತು ಮಾಡುವ ಒಂದು ಕೆಲಸವನ್ನು, ಸಮಯ ಮೀರುವ ಮೊದಲು ಕಲಿಸಿ ಎಂದಳು. ಅವಳ ಕೈಗೆ ನಾವು ಒಂದು ಲೋಟ ಚಹಾ ಕೊಟ್ಟು ಕಳಿಸಿದೆವು.