ಬಂಧಿತ ರೌಟರು ಮತ್ತು ಮುಕ್ತ ಫರ್ಮ್‌ವೇರು: ತೊರಗಲ್ ಸೀಮೆಯನ್ನು ಕುರಿತ ಒಂದು ವಿವೇಚನೆ

ರಾಮದುರ್ಗದ ಸುತ್ತಣ ತೊರಗಲ್ ಸೀಮೆಯಲ್ಲಿ ಫೈಬರ್ ಸಂಪರ್ಕವು ಹಬ್ಬುತ್ತಿರುವ ಈ ಕಾಲದಲ್ಲಿ, ಗೃಹಸ್ಥನು ಹಣ ತೆತ್ತು ಕೊಂಡ ರೌಟರಿನ ಮೇಲೆ ಅವನಿಗೆ ಎಷ್ಟರಮಟ್ಟಿನ ಸ್ವಾಮ್ಯವುಂಟೆಂಬುದು ವಿಚಾರಾರ್ಹವಾದ ಪ್ರಶ್ನೆ. ಯಂತ್ರವು ಸುಸ್ಥಿತಿಯಲ್ಲಿರುವಾಗಲೇ ತಯಾರಕನು ಭದ್ರತೆಯ ತಿದ್ದುಪಡಿಗಳನ್ನು ನಿಲ್ಲಿಸಿಬಿಟ್ಟರೆ, ಆ ಮನೆಯ ಜಾಲವು ಪರರ ಅತಿಕ್ರಮಣಕ್ಕೆ ಈಡಾಗುವುದು. ಮುಕ್ತ ಫರ್ಮ್‌ವೇರು, ಎಂದರೆ ಸೋರ್ಸ್ ಕೋಡು ಬಹಿರಂಗವಾಗಿರುವ ಒಳತಂತ್ರಾಂಶವು, ಈ ದೋಷಕ್ಕೆ ನೈಜ ಪರಿಹಾರವೇ ಹೌದು. ಆದರೆ ಕೊಳ್ಳುವ ಹೊತ್ತಿನಲ್ಲಿಯೇ ವಿವೇಕವಿದ್ದವರಿಗೆ ಮಾತ್ರ ಅದು ಕೈಗೂಡುವುದೆಂಬುದು ಈ ಲೇಖನದ ಪ್ರತಿಪಾದ್ಯ.

2002ರ ಅಂತ್ಯದಲ್ಲಿ ಪೇಟೆಗೆ ಬಂದ ಲಿಂಕ್‌ಸಿಸ್ ಡಬ್ಲ್ಯುಆರ್‌ಟಿ54ಜಿ ರೌಟರು ಲಿನಕ್ಸನ್ನು ಆಶ್ರಯಿಸಿರುವುದು ಮರುವರ್ಷ ಬೆಳಕಿಗೆ ಬರಲಾಗಿ, ಜಿಪಿಎಲ್ ಪರವಾನಗಿಯ ನಿಬಂಧನೆಯಂತೆ ಅದರ ಸೋರ್ಸ್ ಕೋಡನ್ನು ಪ್ರಕಟಿಸುವುದು ಅನಿವಾರ್ಯವಾಯಿತು. 2004ರಲ್ಲಿ ಆರಂಭವಾದ ಓಪನ್‌ಡಬ್ಲ್ಯುಆರ್‌ಟಿ ಎಂಬ ಮುಕ್ತ ಫರ್ಮ್‌ವೇರಿನ ಯೋಜನೆಗೆ ಅದೇ ತಳಹದಿ. ಅದೇ ರೌಟರಿನ ಐದನೆಯ ಆವೃತ್ತಿಯಲ್ಲಿ ಲಿನಕ್ಸಿನ ಸ್ಥಾನವನ್ನು ವಿಎಕ್ಸ್‌ವರ್ಕ್ಸ್ ಎಂಬ ಬೇರೊಂದು ಕಾರ್ಯಾಚರಣ ವ್ಯವಸ್ಥೆಯು ಆಕ್ರಮಿಸಿ, ಫ್ಲಾಶ್ ಮೆಮೊರಿಯು 4 ಮೆಗಾಬೈಟಿನಿಂದ 2ಕ್ಕೆ ಇಳಿದುದರಿಂದ, ಹೆಸರು ಒಂದೇ ಆದರೂ ಒಳಗಣ ಯಂತ್ರವು ಬೇರೆಯಾಯಿತು. ಆದಕಾರಣ ತಳದ ಚೀಟಿಯಲ್ಲಿ ಮುದ್ರಿತವಾದ ಆವೃತ್ತಿಯನ್ನು ಓದಿ, ಅದು ಯೋಜನೆಯ ಪಟ್ಟಿಯಲ್ಲಿರುವುದೇ ಎಂದು ಪರೀಕ್ಷಿಸುವುದು ಪ್ರಥಮ ಕರ್ತವ್ಯ. 16 ಮೆಗಾಬೈಟ್ ಫ್ಲಾಶ್, 128 ಮೆಗಾಬೈಟ್ ರ್‍ಯಾಮ್ ಇದ್ದರೆ ಲೇಸು.

ಅನ್ಯ ಫರ್ಮ್‌ವೇರನ್ನು ತಡೆಯಲು ತಯಾರಕನು ಒಡ್ಡುವ ಬಂಧನದಲ್ಲಿ ಮೂರು ತರಗಳುಂಟು. ಅಪ್‌ಗ್ರೇಡ್ ಪುಟವು ಮಾದರಿಯ ಗುರುತನ್ನಷ್ಟೇ ನೋಡುವುದಾದರೆ, ಆ ಮಾದರಿಗೆಂದೇ ಸಿದ್ಧಪಡಿಸಿದ ಫೈಲನ್ನು ಅಲ್ಲಿಯೇ ಏರಿಸಬಹುದು. ತಯಾರಕನ ಡಿಜಿಟಲ್ ಸಹಿಯನ್ನು ಆ ಪುಟವು ಕೇಳುವುದಾದರೆ, ಯಂತ್ರವನ್ನು ಮೊದಲು ಚಾಲನೆಗೊಳಿಸುವ ಬೂಟ್‌ಲೋಡರಿನ ಟಿಎಫ್‌ಟಿಪಿ ಎಂಬ ಫೈಲ್ ರವಾನೆಯ ಮಾರ್ಗವನ್ನೋ ಬೋರ್ಡಿನ ಸೀರಿಯಲ್ ಪಿನ್ನುಗಳನ್ನೋ ಆಶ್ರಯಿಸಬೇಕಾಗುವುದು. ಸಹಿಯ ಪರೀಕ್ಷೆಯು ಚಿಪ್ಪಿನಲ್ಲಿಯೇ ನೆಲೆಗೊಂಡು ಬೂಟ್‌ಲೋಡರನ್ನೂ ಕಾಯುತ್ತಿದ್ದರೆ, ಸಾಮಾನ್ಯನಿಗೆ ಮಾರ್ಗವಿಲ್ಲ.

ಏರಿಸುವ ಮುನ್ನ ಫೈಲು ಕೆಟ್ಟಿಲ್ಲವೆಂದು ತಿಳಿಯಲು ಅದರ ಚೆಕ್‌ಸಮ್ಮನ್ನು ತಾಳೆ ನೋಡತಕ್ಕದ್ದು. ಗುಡುಗು ಮಳೆಯ ದಿನಗಳಲ್ಲಿ ಕರೆಂಟು ಹಠಾತ್ತನೆ ಹೋಗುವ ಊರುಗಳಲ್ಲಿ ಯುಪಿಎಸ್ ಇಲ್ಲದೆ ಈ ಕಾರ್ಯಕ್ಕೆ ತೊಡಗುವುದು ಅವಿವೇಕ. ಬರವಣಿಗೆ ಅರ್ಧಕ್ಕೆ ನಿಂತರೂ ಬೂಟ್‌ಲೋಡರು ಉಳಿದಿದ್ದರೆ ಯಂತ್ರವನ್ನು ಪ್ರಾಯಶಃ ಬದುಕಿಸಬಹುದು, ಅದೇ ಅಳಿದರೆ ಫ್ಲಾಶ್ ಚಿಪ್ಪಿಗೆ ಪ್ರೋಗ್ರಾಮರಿನಿಂದ ನೇರವಾಗಿ ಬರೆಯಬೇಕಾದೀತು. ಫೈಬರ್ ತಂತಿ ಬಂದು ಸೇರುವ ಒಎನ್‌ಟಿ ಪೆಟ್ಟಿಗೆಯನ್ನಂತೂ ಮುಟ್ಟಬಾರದು. ಅದು ಬಹುಮಟ್ಟಿಗೆ ಸೇವಾದಾರನ ಸೊತ್ತು, ದೂರದಿಂದಲೇ ನಿಯಂತ್ರಿತವಾದುದು. ಅದು ಸಂಪರ್ಕವನ್ನು ಹಾಗೆಯೇ ದಾಟಿಸುವ ಬ್ರಿಜ್ ಮೋಡ್‌ಗೆ ಅದನ್ನು ಹಾಕಿಸಿಕೊಂಡು, ಸ್ವಂತ ರೌಟರನ್ನು ಅದರ ಹಿಂದೆ ಜೋಡಿಸುವುದೇ ಯುಕ್ತ.

ಯಂತ್ರವು ಮುಕ್ತವಾದ ಮಾತ್ರಕ್ಕೆ ಕಾನೂನಿನ ಬಂಧನವು ಸಡಿಲುವುದಿಲ್ಲ. ಭಾರತದಲ್ಲಿ 2005ರಲ್ಲಿ ಪರವಾನಗಿಯಿಂದ ವಿನಾಯಿತಿ ಪಡೆದ 2.4 ಗಿಗಾಹರ್ಟ್ಸ್ ತರಂಗಪಟ್ಟಿಯಲ್ಲಿ ಪ್ರೇಷಕದ ಶಕ್ತಿಯು 1 ವಾಟನ್ನೂ, ಆಂಟೆನಾ ಸೇರಿದ ಒಟ್ಟು ಪ್ರಸಾರಶಕ್ತಿಯು 4 ವಾಟನ್ನೂ ಮೀರಕೂಡದು. ಹೊಸ ಫರ್ಮ್‌ವೇರಿನಲ್ಲಿ ದೇಶವನ್ನು ಭಾರತವೆಂದೇ ನಮೂದಿಸುವುದು ಧರ್ಮ.

ಈ ಸೀಮೆಯ ಗ್ರಾಮ ಪಂಚಾಯಿತಿಗಳೂ ಶಾಲೆಗಳೂ ಗ್ರಂಥಾಲಯಗಳೂ ರೌಟರುಗಳಿಗೆ ಟೆಂಡರ್ ಕರೆಯುವಾಗ, ಮುಕ್ತ ಫರ್ಮ್‌ವೇರು ಏರಿಸಬಲ್ಲ ಮಾದರಿಯೇ ಬೇಕೆಂಬ ಷರತ್ತನ್ನು ಸೇರಿಸಬೇಕು. ಐಟಿಐ, ಪಾಲಿಟೆಕ್ನಿಕ್‌ಗಳು ಈ ವಿದ್ಯೆಯನ್ನು ಪಾಠಕ್ರಮದಲ್ಲಿ ಕಲಿಸಬೇಕು. ಸಾರ್ವಜನಿಕ ಹಣದಿಂದ ಕೊಂಡ ಯಂತ್ರವು ಸಾರ್ವಜನಿಕರ ಹಿಡಿತದಲ್ಲಿರುವುದು ನ್ಯಾಯ.