ಮೀಟರಿನ ಎದುರು ಕಾರು: ಬೆಂಗಳೂರಿನ ಮನೆಯೊಂದರಲ್ಲಿ ಎಲೆಕ್ಟ್ರಿಕ್ ಕಾರಿನ ಲಾಭ-ನಷ್ಟ

ಎಲೆಕ್ಟ್ರಿಕ್ ಕಾರಿನ ಮಾತು ಬಂದಾಗಲೆಲ್ಲ ಒಂದು ವಾಕ್ಯ ತಪ್ಪದೆ ಕೇಳಿಬರುತ್ತದೆ: ‘ಪೆಟ್ರೋಲಿಗೆ ಕಿಲೋಮೀಟರಿಗೆ ಏಳು ರೂಪಾಯಿ, ಕರೆಂಟಿಗೆ ಒಂದೇ ರೂಪಾಯಿ.’ ಮಾತು ಸುಳ್ಳೇನಲ್ಲ. ಆದರೆ ಆ ಒಂದು ರೂಪಾಯಿ ಯಾರ ಮನೆಯಲ್ಲಿ, ಯಾವ ಮೀಟರಿನಲ್ಲಿ, ತಿಂಗಳಿಗೆ ಎಷ್ಟು ದೂರ ಓಡಿದರೆ ಸಿಗುತ್ತದೆ ಎಂಬುದನ್ನು ಬಿಡಿಸಿ ಹೇಳುವವರು ಕಡಿಮೆ. ಬೆಂಗಳೂರಿನ ಮಧ್ಯಮ ವರ್ಗದ ಮನೆಯೊಂದನ್ನು ಎದುರಿಗಿಟ್ಟುಕೊಂಡು, 2025ರ ದರಗಳ ಆಧಾರದ ಮೇಲೆ ಆ ವಾಕ್ಯವನ್ನು ಪರೀಕ್ಷಿಸುವುದು ಈ ಲೇಖನದ ಉದ್ದೇಶ. ಕಾರಿನ ಗುಣಕ್ಕಿಂತ ಅದು ರಾತ್ರಿ ನಿಲ್ಲುವ ಜಾಗ ಮತ್ತು ಹಗಲು ಓಡುವ ದೂರವೇ ಲಾಭವನ್ನು ನಿರ್ಧರಿಸುತ್ತವೆ ಎಂಬುದು ನನ್ನ ವಾದ.

ಈ ಊರಿಗೆ ಎಲೆಕ್ಟ್ರಿಕ್ ಕಾರು ಹೊಸದಲ್ಲ. ಚೇತನ್ ಮೈನಿ ಅವರ ‘ರೇವಾ’ ಬೆಂಗಳೂರಿನಲ್ಲೇ ತಯಾರಾಗಿ 2001ರಲ್ಲಿ ಮಾರುಕಟ್ಟೆಗೆ ಬಂತು; ಲಂಡನ್ನಿನ ಬೀದಿಗಳಲ್ಲಿ ‘ಜಿ-ವಿಜ್’ ಎಂಬ ಹೆಸರಿನಲ್ಲಿ ಓಡಾಡಿತು. ಸೀಸ-ಆಮ್ಲದ ಬ್ಯಾಟರಿಯ ಆ ಪುಟ್ಟ ಕಾರು ಒಮ್ಮೆ ಚಾರ್ಜ್ ಮಾಡಿದರೆ ಸುಮಾರು 80 ಕಿ.ಮೀ. ಹೋಗುತ್ತಿತ್ತು. ಕೆಲವೇ ವರ್ಷಗಳಲ್ಲಿ ಬ್ಯಾಟರಿ ಬದಲಿಸುವ ಖರ್ಚು ಬಂದಾಗ, ಅಲ್ಲಿಯವರೆಗೆ ಪೆಟ್ರೋಲಿನಲ್ಲಿ ಉಳಿಸಿದ್ದು ಒಂದೇ ಸಲಕ್ಕೆ ಕರಗಿಹೋಗುತ್ತಿತ್ತು. 2010ರಲ್ಲಿ ಕಂಪನಿಯ ಬಹುಪಾಲು ಒಡೆತನ ಮಹೀಂದ್ರಾಕ್ಕೆ ಹೋಯಿತು. ಲಿಥಿಯಂ ಬ್ಯಾಟರಿ ಆ ಹಳೆಯ ಲೆಕ್ಕವನ್ನು ಬಹಳಷ್ಟು ಬದಲಿಸಿದೆ. ಇಂದು ಹೆಚ್ಚಿನ ಕಂಪನಿಗಳು ಬ್ಯಾಟರಿಗೆ 8 ವರ್ಷ ಅಥವಾ 1.6 ಲಕ್ಷ ಕಿ.ಮೀ. ವಾರಂಟಿ ಕೊಡುತ್ತವೆ. ಈ ಎಂಟು ವರ್ಷ ಎಂಬ ಗಡಿ ಮುಂದಿನ ಲೆಕ್ಕದಲ್ಲಿ ಮತ್ತೆ ಬರಲಿದೆ.

ಕೊಳ್ಳುವ ದಿನದ ಅಂತರ

ಉದಾಹರಣೆಗೆ ಎರಡು ಕಾರುಗಳನ್ನು ಇಟ್ಟುಕೊಳ್ಳೋಣ: ಶೋರೂಂ ಬೆಲೆ 9 ಲಕ್ಷದ ಪೆಟ್ರೋಲ್ ಕಾರು, ಹೆಚ್ಚುಕಡಿಮೆ ಅದೇ ಗಾತ್ರದ 12.5 ಲಕ್ಷದ ಎಲೆಕ್ಟ್ರಿಕ್ ಕಾರು. ಇವು ಯಾವುದೋ ಒಂದು ಮಾದರಿಯ ಬೆಲೆಗಳಲ್ಲ, ಲೆಕ್ಕಕ್ಕಾಗಿ ನಾನು ಹಿಡಿದ ಅಂಕಿಗಳು. ಮೇಲ್ನೋಟಕ್ಕೆ ಅಂತರ ಮೂರೂವರೆ ಲಕ್ಷ. ಆದರೆ ಕರ್ನಾಟಕದಲ್ಲಿ ಈ ವರ್ಗದ ಪೆಟ್ರೋಲ್ ಕಾರಿಗೆ ಶೇ. 14ರ ಜೀವಾವಧಿ ತೆರಿಗೆ ಮತ್ತು ಅದರ ಮೇಲೆ ಸೆಸ್ ಬೀಳುತ್ತದೆ. ಎಲ್ಲ ಸೇರಿ ಸುಮಾರು 1.4 ಲಕ್ಷ. ಎಲೆಕ್ಟ್ರಿಕ್ ಕಾರಿಗೆ 2025ರಲ್ಲಿ ಆ ತೆರಿಗೆಯ ವಿನಾಯಿತಿ ಇತ್ತು. ಹಾಗಾಗಿ ರಸ್ತೆಗಿಳಿಯುವ ಹೊತ್ತಿಗೆ ಅಂತರ 2.1 ಲಕ್ಷಕ್ಕೆ ಇಳಿಯುತ್ತಿತ್ತು. ಮನೆಯಲ್ಲಿ ಪ್ರತ್ಯೇಕ ವೈರಿಂಗ್, ಅರ್ಥಿಂಗ್ ಮಾಡಿಸುವ ಖರ್ಚನ್ನೂ ಸೇರಿಸಿ 2.25 ಲಕ್ಷ ಎಂದಿಟ್ಟುಕೊಳ್ಳುತ್ತೇನೆ.

ಈ ಅಂತರವನ್ನು ಕಿರಿದಾಗಿಸಿದ್ದು ತೆರಿಗೆ, ತೆರಿಗೆಯೋ ಇಂದಿದ್ದಂತೆ ನಾಳೆ ಇರುವುದಿಲ್ಲ. ಎಲೆಕ್ಟ್ರಿಕ್ ವಾಹನದ ಜಿಎಸ್‌ಟಿ 2019ರ ಆಗಸ್ಟ್‌ನಲ್ಲಿ ಶೇ. 12ರಿಂದ 5ಕ್ಕೆ ಇಳಿಯಿತು. 2025ರ ಸೆಪ್ಟೆಂಬರ್ 22ರಂದು ಸಣ್ಣ ಪೆಟ್ರೋಲ್ ಕಾರುಗಳ ಜಿಎಸ್‌ಟಿ ಕೂಡ ಶೇ. 28ರಿಂದ 18ಕ್ಕೆ ಇಳಿದು ಸೆಸ್ ರದ್ದಾದಾಗ, ಎಲೆಕ್ಟ್ರಿಕ್ ಕಾರಿಗಿದ್ದ ಅನುಕೂಲ ಅರ್ಧದಷ್ಟು ಕರಗಿತು. ಸಾಲದ ಬಡ್ಡಿಗೆ ಆದಾಯ ತೆರಿಗೆಯಲ್ಲಿದ್ದ ಒಂದೂವರೆ ಲಕ್ಷದವರೆಗಿನ ವಿನಾಯಿತಿ 2023ರ ಮಾರ್ಚ್ ನಂತರ ಮಂಜೂರಾದ ಸಾಲಗಳಿಗೆ ಇಲ್ಲ. 2017ರಲ್ಲಿ ದೇಶದಲ್ಲೇ ಮೊದಲು ಎಲೆಕ್ಟ್ರಿಕ್ ವಾಹನ ನೀತಿ ತಂದ ಕರ್ನಾಟಕವೇ 2024ರಲ್ಲಿ 25 ಲಕ್ಷ ಮೀರಿದ ಎಲೆಕ್ಟ್ರಿಕ್ ಕಾರುಗಳಿಗೆ ಶೇ. 10ರ ಜೀವಾವಧಿ ತೆರಿಗೆ ಹಾಕಿತು. ಕೊಳ್ಳುವವರು ಆ ದಿನದ ದರವನ್ನು ಆರ್‌ಟಿಒ ಕಚೇರಿಯಲ್ಲೇ ವಿಚಾರಿಸಿಕೊಳ್ಳುವುದು ಕ್ಷೇಮ.

ಓಡಿಸುವ ಖರ್ಚು ಮತ್ತು ಮರೆತುಹೋದ ಬಡ್ಡಿ

ಬೆಂಗಳೂರಿನ ದಟ್ಟಣೆಯಲ್ಲಿ ಪೆಟ್ರೋಲ್ ಕಾರು ಲೀಟರಿಗೆ 15 ಕಿ.ಮೀ. ಕೊಟ್ಟರೆ, ಲೀಟರಿಗೆ 103 ರೂಪಾಯಿಯಂತೆ ಕಿ.ಮೀ.ಗೆ 6.87 ರೂಪಾಯಿ. ಎಲೆಕ್ಟ್ರಿಕ್ ಕಾರು, ಚಾರ್ಜಿಂಗ್‌ನಲ್ಲಿ ಸೋರುವುದನ್ನೂ ಹಿಡಿದು, ಯೂನಿಟ್‌ಗೆ 6.5 ಕಿ.ಮೀ. ಓಡುತ್ತದೆ ಎನ್ನೋಣ. ಮನೆಬಳಕೆಯ ದರ 2025-26ರಲ್ಲಿ ಯೂನಿಟ್‌ಗೆ 5.80 ರೂಪಾಯಿ; ಪಿಂಚಣಿ ಸರ್ಚಾರ್ಜ್, ವಿದ್ಯುತ್ ತೆರಿಗೆ ಕೂಡಿ ಸುಮಾರು 6.70. ಕಿ.ಮೀ.ಗೆ 1.03 ರೂಪಾಯಿಯಾಯಿತು. ಜನರ ಬಾಯಲ್ಲಿರುವ ‘ಒಂದು ರೂಪಾಯಿ’ ಇದೇ. ಎಂಜಿನ್ ಆಯಿಲ್, ಕ್ಲಚ್, ಫಿಲ್ಟರುಗಳ ಗೊಡವೆ ಇಲ್ಲದ್ದರಿಂದ ಸರ್ವಿಸ್‌ನಲ್ಲಿ ಕಿ.ಮೀ.ಗೆ ಅರ್ಧ ರೂಪಾಯಿ ಉಳಿಯುತ್ತದೆಂದು ಹಿಡಿದರೆ ಒಟ್ಟು ಉಳಿತಾಯ ಸುಮಾರು 6.30 ರೂಪಾಯಿ.

ಇಲ್ಲಿಗೆ ಲೆಕ್ಕ ನಿಲ್ಲಿಸುವವರೇ ಹೆಚ್ಚು. ಮುಂಗಡವಾಗಿ ಸುರಿದ 2.25 ಲಕ್ಷಕ್ಕೆ ಬಡ್ಡಿಯಿದೆ ಎಂಬುದು ಮರೆತುಹೋಗುತ್ತದೆ. ಸಾಲವಾದರೆ ಬ್ಯಾಂಕಿಗೆ ಕಟ್ಟುವ ಬಡ್ಡಿ, ಕೈಯ ಹಣವಾದರೆ ಬಿಟ್ಟುಕೊಟ್ಟ ಬಡ್ಡಿ. ಶೇ. 9ರಂತೆ ಮೊದಲ ವರ್ಷವೇ ಅದು 20,250 ರೂಪಾಯಿ. ಈಗ ಇಬ್ಬರನ್ನು ಹೋಲಿಸಿ. ತಿಂಗಳಿಗೆ 1,000 ಕಿ.ಮೀ. ಓಡಿಸುವವರಿಗೆ ವರ್ಷಕ್ಕೆ 75,600 ರೂಪಾಯಿ ಉಳಿದು, ಬಡ್ಡಿ ಸಹಿತ ಹೆಚ್ಚುವರಿ ಹಣ ಮೂರೂವರೆ ವರ್ಷ ಕಳೆದ ಕೂಡಲೇ ವಾಪಸಾಗುತ್ತದೆ. ಮನೆಯಿಂದ ಮೆಟ್ರೋ ನಿಲ್ದಾಣಕ್ಕೆ, ವಾರಾಂತ್ಯದಲ್ಲಿ ಮಾರುಕಟ್ಟೆಗೆ ಎಂದು ತಿಂಗಳಿಗೆ 500 ಕಿ.ಮೀ. ಮಾತ್ರ ಓಡಿಸುವವರಿಗೆ ವರ್ಷದ ಉಳಿತಾಯ 37,800. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಆರಂಭದಲ್ಲಿ ಬಡ್ಡಿಗೇ ಹೋಗುತ್ತದೆ. ಅವರ ಹಣ ಹಿಂದಿರುಗಲು ಸುಮಾರು ಒಂಬತ್ತು ವರ್ಷ ಬೇಕು. ಬ್ಯಾಟರಿಯ ವಾರಂಟಿ ಮುಗಿಯುವುದು ಎಂಟಕ್ಕೆ! ದೂರ ಅರ್ಧವಾದರೆ ಕಾಯುವ ಕಾಲ ಎರಡು ಪಟ್ಟಾಗುವುದಿಲ್ಲ, ಎರಡೂವರೆ ಪಟ್ಟಾಗುತ್ತದೆ. ಈ ಏರುಪೇರಿಗೆ ಕಾರಣ ಬಡ್ಡಿ.

ಬ್ಯಾಟರಿಯ ಬೆಲೆ ಎಷ್ಟು ದೂರಕ್ಕೆ ತೀರುತ್ತದೆ ಎಂಬ ಪ್ರಶ್ನೆಗೆ ಮಾರುಕಟ್ಟೆಯೇ ಒಂದು ಉತ್ತರ ಕೊಟ್ಟಿದೆ. 2024ರ ಸೆಪ್ಟೆಂಬರಿನಲ್ಲಿ ಬಂದ ಎಂಜಿ ವಿಂಡ್ಸರ್ ಕಾರನ್ನು ಬ್ಯಾಟರಿ ಸಹಿತ 13.5 ಲಕ್ಷಕ್ಕೂ, ಬ್ಯಾಟರಿಯನ್ನು ಬಾಡಿಗೆಗೆ ಪಡೆಯುವವರಿಗೆ 9.99 ಲಕ್ಷ ಮತ್ತು ಕಿ.ಮೀ.ಗೆ 3.5 ರೂಪಾಯಿಗೂ ಮಾರಾಟಕ್ಕಿಟ್ಟರು. ಮೂರೂವರೆ ಲಕ್ಷವನ್ನು ಮೂರೂವರೆ ರೂಪಾಯಿಯಿಂದ ಭಾಗಿಸಿದರೆ ಒಂದು ಲಕ್ಷ ಕಿ.ಮೀ. ಆಗುತ್ತದೆ. ಬಾಡಿಗೆಗೆ ಕರೆಂಟಿನ ರೂಪಾಯಿ ಕೂಡಿಸಿದರೆ ಕಿ.ಮೀ.ಗೆ ನಾಲ್ಕೂವರೆ. ಎಲೆಕ್ಟ್ರಿಕ್ ಕಾರಿನ ನಿಜವಾದ ‘ಇಂಧನ’ ವೆಚ್ಚಕ್ಕೆ ಒಂದು ರೂಪಾಯಿಗಿಂತ ಈ ಅಂಕಿಯೇ ಹತ್ತಿರ ಎಂದು ನನಗನ್ನಿಸುತ್ತದೆ.

ಗೃಹಜ್ಯೋತಿಯ ಹೊಸ್ತಿಲು

ಕರ್ನಾಟಕದ ಮನೆಗಳಿಗೆ ಎದುರಾಗುವ ತೊಡಕೊಂದಿದೆ. ಎಲೆಕ್ಟ್ರಿಕ್ ಕಾರಿನ ಚರ್ಚೆಗಳಲ್ಲಿ ಇದರ ಪ್ರಸ್ತಾಪ ನನಗೆ ಕಂಡಿದ್ದು ಅಪರೂಪ. 2023ರ ಜುಲೈನಲ್ಲಿ ಆರಂಭವಾದ ಗೃಹಜ್ಯೋತಿ ಯೋಜನೆಯಲ್ಲಿ ಮನೆಯ ಹಿಂದಿನ ಸರಾಸರಿ ಬಳಕೆಗೆ ಶೇ. 10 ಸೇರಿಸಿದಷ್ಟು ಯೂನಿಟ್ ಉಚಿತ. ಆ ಮಿತಿ ದಾಟಿದರೂ 200ರ ಒಳಗಿದ್ದರೆ ಹೆಚ್ಚಿನ ಯೂನಿಟ್‌ಗಷ್ಟೇ ಹಣ. 200 ದಾಟಿತೋ, ಪೂರ್ತಿ ಬಿಲ್ ಕಟ್ಟಬೇಕು.

130 ಯೂನಿಟ್ ಉಚಿತವಾಗಿ ಬಳಸುತ್ತಿರುವ ಮನೆ ಎನ್ನೋಣ. ಶೂನ್ಯ ಬಿಲ್. ಕಾರಿಗೆಂದು 70 ಯೂನಿಟ್ ಉಳಿದಿದೆ, ಎಂದರೆ 455 ಕಿ.ಮೀ. ಅಷ್ಟರವರೆಗೆ ಕಿ.ಮೀ.ಗೆ ಒಂದು ರೂಪಾಯಿ ಎಂಬುದು ನಿಜ. ತಿಂಗಳಿಗೆ 1,000 ಕಿ.ಮೀ. ಓಡಿಸಿದರೆ ಕಾರಿಗೆ 154 ಯೂನಿಟ್, ಮನೆಗೆ 130, ಒಟ್ಟು 284. ಮೂರು ಕಿಲೋವ್ಯಾಟ್ ಲೋಡಿನ ನಿಗದಿತ ಶುಲ್ಕವೂ ಸೇರಿ ಬಿಲ್ ಸುಮಾರು 2,330 ರೂಪಾಯಿ. ಕಾರು ಬರುವ ಮುಂಚೆ ಈ ಮನೆಗೆ ಬಿಲ್ಲೇ ಇರಲಿಲ್ಲವಾದ್ದರಿಂದ ಅಷ್ಟೂ ಹಣ ಕಾರಿನ ಲೆಕ್ಕಕ್ಕೇ ಸೇರಬೇಕು: ಯೂನಿಟ್‌ಗೆ 15 ರೂಪಾಯಿ, ಕಿ.ಮೀ.ಗೆ 2.33. ಮೂರೂವರೆ ವರ್ಷಗಳ ಕಾಯುವಿಕೆ ಐದರ ಹತ್ತಿರ ಹೋಗುತ್ತದೆ. ಹೆಚ್ಚು ಓಡಿಸಿದವರಿಗೆ ಹೆಚ್ಚು ಲಾಭ ಎಂಬ ಮೊದಲಿನ ಸೂತ್ರಕ್ಕೆ ಈ ಹೊಸ್ತಿಲಲ್ಲಿ ಎಡವುವ ಜಾಗ ಸಿಕ್ಕಿತು. ಪರಿಹಾರವಿದೆ: ವಾಹನ ಚಾರ್ಜಿಂಗ್‌ಗೆಂದೇ ಪ್ರತ್ಯೇಕ ಮೀಟರ್ ಪಡೆಯುವುದು. ಅದರ ದರವೂ ಮನೆಬಳಕೆಯ ದರಕ್ಕಿಂತ ಕಡಿಮೆ.

ಸ್ವಂತ ಮನೆ, ಸ್ವಂತ ಪಾರ್ಕಿಂಗ್ ಉಳ್ಳವರಿಗೆ ಮಾತ್ರ ಆ ದಾರಿ. ಬಾಡಿಗೆ ಮನೆಯವರು, ಬೀದಿಯಲ್ಲಿ ಕಾರು ನಿಲ್ಲಿಸುವವರು, ಅಸೋಸಿಯೇಷನ್ ಒಪ್ಪಿಗೆಗಾಗಿ ಅಲೆಯುವ ಅಪಾರ್ಟ್‌ಮೆಂಟಿನವರು ಸಾರ್ವಜನಿಕ ಚಾರ್ಜರುಗಳನ್ನೇ ನಂಬಬೇಕು. ರಾಜ್ಯದಲ್ಲಿ ಅಂಥ ಕೇಂದ್ರಗಳು ಐದು ಸಾವಿರ ಮೀರಿವೆ, ಆದರೆ ಬಹುಪಾಲು ಬೆಂಗಳೂರಿನಲ್ಲೇ ಇವೆ. ವೇಗದ ಚಾರ್ಜರುಗಳಲ್ಲಿ ತೆರಿಗೆ ಸೇರಿ ಯೂನಿಟ್‌ಗೆ 20ರಿಂದ 25 ರೂಪಾಯಿ ತೆರಬೇಕಾದೀತು, ಕಿ.ಮೀ.ಗೆ ಮೂರಕ್ಕೂ ಹೆಚ್ಚು. ವಿದ್ಯುತ್ತಿಗೆ ಜಿಎಸ್‌ಟಿ ಇಲ್ಲ. ಆದರೆ ಚಾರ್ಜಿಂಗ್ ಎಂಬುದು ಸೇವೆ, ಅದಕ್ಕೆ ಶೇ. 18 ತೆರಿಗೆ ಉಂಟು ಎಂದು ಮೈಸೂರಿನ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮದ ಅರ್ಜಿಯ ಮೇಲೆ ರಾಜ್ಯದ ಜಿಎಸ್‌ಟಿ ಮುಂಗಡ ತೀರ್ಪು ಪ್ರಾಧಿಕಾರ 2023ರಲ್ಲಿ ಹೇಳಿತು. ಅದೇ ಕರೆಂಟು, ಮನೆಯ ಗೋಡೆಯಿಂದ ಬಂದರೆ ಸರಕು, ರಸ್ತೆಬದಿಯ ಯಂತ್ರದಿಂದ ಬಂದರೆ ಸೇವೆ. ಗ್ಯಾರೇಜ್ ಇಲ್ಲದವರ ಮೇಲೆ ಇದೊಂದು ಹೆಚ್ಚುವರಿ ತೆರಿಗೆ ಎನ್ನದೆ ವಿಧಿಯಿಲ್ಲ. ಇಂಥವರು 1,000 ಕಿ.ಮೀ. ಓಡಿಸಿದರೂ ಹೂಡಿದ್ದು ಮರಳಲು ಆರು ವರ್ಷ ಹಿಡಿಯುತ್ತದೆ.

ಸಮಾಜದ ಖಾತೆ

ಕೊಳ್ಳುವವರ ಉಳಿತಾಯವೆಲ್ಲ ಸಮಾಜದ ಲಾಭವಲ್ಲ. 103 ರೂಪಾಯಿಯ ಪೆಟ್ರೋಲಿನಲ್ಲಿ ಕೇಂದ್ರದ ಅಬಕಾರಿ ಸುಂಕ ಸುಮಾರು 22, 2024ರ ಜೂನ್‌ನಲ್ಲಿ ಶೇ. 29.84ಕ್ಕೆ ಏರಿದ ರಾಜ್ಯದ ಮಾರಾಟ ತೆರಿಗೆಯಿಂದ ಇನ್ನೊಂದು 23ರಷ್ಟು. ಕಿ.ಮೀ.ಗೆ ಉಳಿದ ಆರು ರೂಪಾಯಿಯಲ್ಲಿ ಮೂರು ರೂಪಾಯಿ ಖಜಾನೆಗೆ ಹೋಗದೆ ಉಳಿದ ತೆರಿಗೆ. ಖಜಾನೆ ಅದನ್ನು ಇನ್ನಾರಿಂದಲೋ ವಸೂಲು ಮಾಡಲೇಬೇಕು.

ಇನ್ನು ಹೊಗೆಯ ಮಾತು. ಕೇಂದ್ರ ವಿದ್ಯುತ್ ಪ್ರಾಧಿಕಾರದ ಲೆಕ್ಕದಲ್ಲಿ ದೇಶದ ಗ್ರಿಡ್‌ನಲ್ಲಿ ಒಂದು ಯೂನಿಟ್ ವಿದ್ಯುತ್ತಿಗೆ ಸರಾಸರಿ 0.7 ಕೆ.ಜಿ.ಗೂ ತುಸು ಹೆಚ್ಚು ಇಂಗಾಲದ ಡೈಆಕ್ಸೈಡ್ ಹೊಮ್ಮುತ್ತದೆ. ತಂತಿಯಲ್ಲಿ ಸೋರುವುದನ್ನೂ ಸೇರಿಸಿದರೆ ನಮ್ಮ ಎಲೆಕ್ಟ್ರಿಕ್ ಕಾರಿಗೆ ಕಿ.ಮೀ.ಗೆ ಸುಮಾರು 130 ಗ್ರಾಂ. ಪೆಟ್ರೋಲ್ ಕಾರಿನದು, ಸಂಸ್ಕರಣೆಯ ಪಾಲೂ ಸೇರಿ, 185ರ ಆಸುಪಾಸು. 30 ಕಿಲೋವ್ಯಾಟ್ ಅವರ್ ಬ್ಯಾಟರಿಯ ತಯಾರಿಕೆಯಲ್ಲೇ ಎರಡು ಟನ್ನಿಗೂ ಹೆಚ್ಚು ಹೊಮ್ಮಿರುತ್ತದೆಂದು ಹಿಡಿದರೆ, ಮೊದಲ 40 ಸಾವಿರ ಕಿ.ಮೀ. ಆ ಋಣ ತೀರಿಸಲಿಕ್ಕೇ ಬೇಕು. ತಿಂಗಳಿಗೆ 500 ಕಿ.ಮೀ.ನವರಿಗೆ ಅದು ಆರು ವರ್ಷಕ್ಕೂ ಮಿಕ್ಕ ಸಮಯ. ಕಡಿಮೆ ಓಡುವ ಕಾರು ಹಣದ ಖಾತೆಯಲ್ಲೂ ಇಂಗಾಲದ ಖಾತೆಯಲ್ಲೂ ಸೋಲುತ್ತದೆ ಎಂಬುದು ಕಾಕತಾಳೀಯವಲ್ಲ. ಎರಡೂ ಕಡೆ ಮುಂಗಡವಾಗಿ ತೆತ್ತಿದ್ದನ್ನು ಓಟವೇ ತೀರಿಸಬೇಕು.

ಬೆಂಗಳೂರಿನ ಬೀದಿಯ ಗಾಳಿ ತಿಳಿಯಾಗುವುದು ದಿಟ, ಅದು ಸಣ್ಣ ಲಾಭವೂ ಅಲ್ಲ. ಆದರೆ ನಾವು ರಾತ್ರಿ ಹತ್ತಕ್ಕೆ ಪ್ಲಗ್ ಹಾಕಿದಾಗ ಪಾವಗಡದ 2,050 ಮೆಗಾವ್ಯಾಟ್ ಸೌರ ಪಾರ್ಕ್ ಮಲಗಿರುತ್ತದೆ. ಉರಿಯುವುದು ರಾಯಚೂರಿನ ಶಕ್ತಿನಗರದಲ್ಲಿ, ಬಳ್ಳಾರಿಯ ಕುಡತಿನಿಯಲ್ಲಿ ಕಲ್ಲಿದ್ದಲು. ಅಲ್ಲಿನ ಜನ ಉಸಿರಾಡುವ ಹಾರುಬೂದಿಯಲ್ಲಿ ನಮ್ಮ ಪಾಲು ಒಂದಿಷ್ಟು ಹೆಚ್ಚುತ್ತದೆ. ಕಚೇರಿಗಳ ಪಾರ್ಕಿಂಗ್‌ನಲ್ಲಿ ಮಧ್ಯಾಹ್ನ ಚಾರ್ಜ್ ಮಾಡುವ ವ್ಯವಸ್ಥೆ ಬಂದರೆ ಈ ಚಿತ್ರ ಬದಲಾದೀತು. ಖಾಸಗಿ ಕಾರಿನ ತೆರಿಗೆ ವಿನಾಯಿತಿಗಿಂತ ಆ ಪ್ಲಗ್ ಪಾಯಿಂಟುಗಳಿಗೆ ಸರ್ಕಾರ ಹಣ ಹಾಕುವುದು ಹೆಚ್ಚು ಸಮಂಜಸ ಎಂಬುದು ನನ್ನ ಅಭಿಪ್ರಾಯ.

ಮರುಮಾರಾಟದ ಬೆಲೆಯನ್ನು ಈ ಲೆಕ್ಕದಿಂದ ಬೇಕೆಂದೇ ಹೊರಗಿಟ್ಟಿದ್ದೇನೆ. ಹೊಸ ಬ್ಯಾಟರಿಗಳ ಬೆಲೆ ಇಳಿಯುತ್ತಿರುವಾಗ ಹಳೆಯ ಕಾರಿನ ಬೆಲೆಯೂ ಇಳಿಯುತ್ತದೆ ಎಂಬುದಕ್ಕಿಂತ ಹೆಚ್ಚಿನದನ್ನು ಹೇಳುವುದು ಸದ್ಯಕ್ಕೆ ದುಸ್ಸಾಹಸ. ಹಾಗಾಗಿ ಮೇಲಿನ ವರ್ಷಗಳನ್ನು ಕನಿಷ್ಠ ಎಂದೇ ಓದಿಕೊಳ್ಳಬೇಕು. ತಿಂಗಳಿಗೆ ಸಾವಿರ ಕಿ.ಮೀ. ಮತ್ತು ಸ್ವಂತದ್ದೊಂದು ಪ್ಲಗ್, ಎರಡೂ ಇದ್ದವರು ಎಲೆಕ್ಟ್ರಿಕ್ ಕಾರು ಕೊಳ್ಳಬಹುದು. ಎರಡೂ ಇಲ್ಲದವರು ಈಗ ಕೊಳ್ಳಬಾರದು. ಒಂದಿದ್ದು ಇನ್ನೊಂದಿಲ್ಲದವರು ಶೋರೂಮಿಗೆ ಹೋಗುವ ಮುನ್ನ ಹಳೆಯ ಕಾರಿನ ಓಡೋಮೀಟರನ್ನೂ ಕಳೆದ ಹನ್ನೆರಡು ತಿಂಗಳ ಬೆಸ್ಕಾಂ ವಿದ್ಯುತ್ ಬಿಲ್ಲುಗಳನ್ನೂ ಎದುರಿಗಿಟ್ಟುಕೊಂಡು ಒಂದು ಸಂಜೆ ಕೂರಲಿ.