ಮೈದಾನ ಖಾಲಿಯಾದ ಮೇಲಿನ ಆಟ

ಅಮೆರಿಕದಲ್ಲಿ ಬೇಸ್‌ಬಾಲ್ ಹಂಗಾಮು ಅಕ್ಟೋಬರ್ ಕೊನೆಗೋ ನವೆಂಬರ್ ಮೊದಲ ದಿನಗಳಲ್ಲೋ ‘ವರ್ಲ್ಡ್ ಸೀರೀಸ್’ನೊಂದಿಗೆ ಮುಗಿಯುತ್ತದೆ. ಮತ್ತೆ ಆಟ ಶುರುವಾಗುವುದು ಮಾರ್ಚ್ ಕೊನೆಗೆ. ನಡುವಿನ ಐದು ತಿಂಗಳು ಮೈದಾನಗಳೆಲ್ಲ ಖಾಲಿ. ಆದರೆ ಅಭಿಮಾನಿಗಳ ಬಾಯಿ ಖಾಲಿ ಇರುವುದಿಲ್ಲ. ಈ ಕಾಲಕ್ಕೆ ಅವರು ಇಟ್ಟಿರುವ ಹೆಸರು ‘ಹಾಟ್ ಸ್ಟೋವ್ ಲೀಗ್’. ಹೊರಗೆ ಹಿಮ ಬೀಳುವಾಗ ಊರಿನ ಅಂಗಡಿಯ ಕಬ್ಬಿಣದ ಒಲೆಯ ಸುತ್ತ ಕೂತು, ಮುಗಿದುಹೋದ ಪಂದ್ಯಗಳನ್ನು ಮತ್ತೆ ಆಡುವವರ ಕೂಟ ಅಂತ ಅರ್ಥ. ನಮ್ಮ ಕಡೆ ಒಲೆಯ ಬದಲು ಅರಳಿಕಟ್ಟೆ ಇದೆ, ಅಷ್ಟೇ ವ್ಯತ್ಯಾಸ.

ನಾನು ಬೇಸ್‌ಬಾಲ್ ಆಡಿದವನಲ್ಲ. ಇಪ್ಪತ್ತನೆಯ ಶತಮಾನದ ಕಾದಂಬರಿಗಳಲ್ಲಿ ಆಟಗಳು ಹೇಗೆ ಬರುತ್ತವೆ ಎಂಬ ನನ್ನ ಸಂಶೋಧನೆಗಾಗಿ ಓದುತ್ತಾ ಓದುತ್ತಾ ಈ ಆಟದೊಳಗೆ ಇಳಿದವನು. ಹಾಗೆ ಇಳಿದಾಗ ಗಮನಕ್ಕೆ ಬಂದದ್ದು ಒಂದು ಸಣ್ಣ ವಿಚಿತ್ರ. ಬೇಸ್‌ಬಾಲ್ ಮತ್ತು ಜೂಜಿನ ಸಂಬಂಧದ ಚರಿತ್ರೆಯಲ್ಲಿ ಮುಖ್ಯ ತಿರುವುಗಳು ಅನೇಕ ಸಲ ಆಟ ನಡೆಯದ ತಿಂಗಳುಗಳಲ್ಲೇ ಬಂದಿವೆ. ಮೋಸ ನಡೆಯುವುದು ಮೈದಾನದಲ್ಲಿ. ಅದಕ್ಕೆ ಕಥೆಯ ರೂಪ ಸಿಗುವುದು ಚಳಿಗಾಲದಲ್ಲಿ.

ಎಲ್ಲರಿಗೂ ಗೊತ್ತಿರುವ ಉದಾಹರಣೆಯಿಂದಲೇ ಹೊರಡೋಣ. 1919ರ ಅಕ್ಟೋಬರ್‌ನಲ್ಲಿ ಚಿಕಾಗೋದ ವೈಟ್ ಸಾಕ್ಸ್ ತಂಡ ವರ್ಲ್ಡ್ ಸೀರೀಸ್‌ನಲ್ಲಿ ಸಿನ್ಸಿನಾಟಿಯ ರೆಡ್ಸ್ ಎದುರು 5–3ರಿಂದ ಸೋತಿತು. ಮೊದಲ ಪಂದ್ಯದ ಮೊದಲ ಇನಿಂಗ್ಸ್‌ನಲ್ಲೇ ಚಿಕಾಗೋದ ಪಿಚರ್ ಎಡ್ಡಿ ಸಿಕಾಟ್, ಎದುರಾಳಿಯ ಮೊದಲ ಬ್ಯಾಟರ್‌ನ ಬೆನ್ನಿಗೆ ಚೆಂಡು ಹೊಡೆದ. ಕ್ರಿಕೆಟ್ ಬಲ್ಲವರಿಗೆ ಹೇಳಬೇಕೆಂದರೆ, ಪಿಚರ್ ಎಂದರೆ ಬೌಲರ್ ಇದ್ದಂತೆ. ನೋಡುವವರಿಗೆ ಅದು ಕೈತಪ್ಪಿದ ಎಸೆತ. ಬಾಜಿ ಕಟ್ಟಿದ್ದವರಿಗೆ ಮಾತ್ರ ಅದು ‘ಒಪ್ಪಂದ ಜಾರಿಯಲ್ಲಿದೆ’ ಎಂಬ ಸನ್ನೆ. ಸಿಕಾಟ್‌ಗೆ ಹಿಂದಿನ ರಾತ್ರಿಯೇ 10,000 ಡಾಲರ್ ತಲುಪಿತ್ತು.

ಹ್ಯೂ ಫುಲರ್ಟನ್ ಎಂಬ ಕ್ರೀಡಾ ವರದಿಗಾರನಿಗೆ ಆಗಲೇ ಅನುಮಾನ. ಅವನು ಹಳೆಯ ಹೆಸರಾಂತ ಪಿಚರ್ ಕ್ರಿಸ್ಟಿ ಮ್ಯಾಥ್ಯೂಸನ್‌ನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಸಹಜವಲ್ಲ ಎನಿಸಿದ ಆಟಗಳನ್ನೆಲ್ಲ ಸ್ಕೋರ್ ಹಾಳೆಯಲ್ಲಿ ಗುರುತು ಮಾಡುತ್ತಾ ಹೋದ. ಡಿಸೆಂಬರ್‌ನಲ್ಲಿ ನ್ಯೂಯಾರ್ಕಿನ ಪತ್ರಿಕೆಯೊಂದರಲ್ಲಿ, ದೊಡ್ಡ ಲೀಗ್‌ಗಳು ಜೂಜುಕೋರರ ಕೈಯಲ್ಲಿವೆಯೇ ಎಂದು ಬಹಿರಂಗವಾಗಿ ಕೇಳಿದ. ಬೇಸ್‌ಬಾಲ್ ಪತ್ರಿಕೆಗಳು ಅವನನ್ನು ಗೇಲಿ ಮಾಡಿದವು. ಆ ಚಳಿಗಾಲ ಹಾಗೆಯೇ ಕಳೆಯಿತು, ಆಟಗಾರರು ಮುಂದಿನ ವರ್ಷವೂ ಆಡಿದರು. ಗ್ರ್ಯಾಂಡ್ ಜ್ಯೂರಿಯ ಮುಂದೆ ಸಿಕಾಟ್ ಮತ್ತು ‘ಶೂಲೆಸ್’ ಜೋ ಜಾಕ್ಸನ್ ಬಾಯಿ ಬಿಟ್ಟದ್ದು 1920ರ ಸೆಪ್ಟೆಂಬರ್ ಕೊನೆಗೆ.

ಮುಂದಿನ ಭಾಗ ಕಾನೂನಿನ ವಿದ್ಯಾರ್ಥಿಗಳಿಗೆ ಇಷ್ಟವಾಗಬೇಕು. ಪಂದ್ಯ ಬೇಕೆಂದೇ ಸೋಲುವುದು ಆಗ ಇಲಿನಾಯ್ ರಾಜ್ಯದಲ್ಲಿ ಅಪರಾಧವೇ ಆಗಿರಲಿಲ್ಲ. ಹಾಗಾಗಿ ವಂಚನೆಯ ಒಳಸಂಚು ಎಂದು ಮೊಕದ್ದಮೆ ಹೂಡಿದರು. ಅಷ್ಟರಲ್ಲಿ ತಪ್ಪೊಪ್ಪಿಗೆಯ ಕಾಗದಗಳೇ ಕಾಣೆಯಾಗಿದ್ದವು. 1921ರ ಆಗಸ್ಟ್ 2ರಂದು ಜ್ಯೂರಿ ಆಟಗಾರರನ್ನು ಖುಲಾಸೆ ಮಾಡಿತು. ಮರುದಿನವೇ ಬೇಸ್‌ಬಾಲ್‌ನ ಮೊದಲ ಕಮಿಷನರ್ ಕೆನೆಸಾ ಮೌಂಟನ್ ಲ್ಯಾಂಡಿಸ್, ಜ್ಯೂರಿ ಏನೇ ಹೇಳಿರಲಿ ಎಂದು ಎಂಟೂ ಜನರಿಗೆ ಕಾಯಂ ನಿಷೇಧ ಹಾಕಿದ. ಲ್ಯಾಂಡಿಸ್ ಸ್ವತಃ ನ್ಯಾಯಾಧೀಶನಾಗಿದ್ದವನು ಎಂಬುದನ್ನು ನೆನಪಿಡಬೇಕು.

ಇದನ್ನು ಓದುವಾಗ ನಮ್ಮ ಹೈಕೋರ್ಟಿನ ಒಂದು ತೀರ್ಪು ನೆನಪಾಗದೆ ಇರಲಿಲ್ಲ. 2019ರಲ್ಲಿ ಕರ್ನಾಟಕ ಪ್ರೀಮಿಯರ್ ಲೀಗ್‌ನ ಮ್ಯಾಚ್ ಫಿಕ್ಸಿಂಗ್ ಪ್ರಕರಣದಲ್ಲಿ ಬೆಂಗಳೂರಿನ ಸಿಸಿಬಿ ಪೊಲೀಸರು ಕೆಲವರನ್ನು ಬಂಧಿಸಿದ್ದರು. 2022ರ ಜನವರಿಯಲ್ಲಿ ಕರ್ನಾಟಕ ಹೈಕೋರ್ಟು, ಮ್ಯಾಚ್ ಫಿಕ್ಸಿಂಗ್ ನೈತಿಕವಾಗಿ ತಪ್ಪಿರಬಹುದು, ಶಿಸ್ತುಕ್ರಮ ಕೈಗೊಳ್ಳುವುದು ಕ್ರಿಕೆಟ್ ಮಂಡಳಿಗೆ ಬಿಟ್ಟದ್ದು, ಆದರೆ ಅದು ದಂಡ ಸಂಹಿತೆಯ 420ನೇ ಕಲಮಿನ ವಂಚನೆ ಆಗುವುದಿಲ್ಲ ಎಂದು ಹೇಳಿ ಮೊಕದ್ದಮೆ ರದ್ದು ಮಾಡಿತು. ಟಿಕೆಟ್ ಕೊಂಡವನು ಸ್ವಂತ ಇಚ್ಛೆಯಿಂದ ಕೊಂಡಿದ್ದಾನೆ, ಅವನನ್ನು ಯಾರೂ ಪುಸಲಾಯಿಸಿಲ್ಲ ಎಂಬ ಧಾಟಿಯ ತರ್ಕ. ನೂರು ವರ್ಷ, ಎರಡು ಖಂಡ, ಎರಡು ಆಟ. ನೋಡುವವನಿಗೆ ಆದ ನಷ್ಟವನ್ನು ಯಾವ ಹೆಸರಿನಿಂದ ಕರೆಯಬೇಕು ಎಂಬ ತೊಡಕು ಮಾತ್ರ ಒಂದೇ.

ಕಾನೂನಿಗೆ ಸಿಗದ ಆ ಹೆಸರನ್ನು ಸಾಹಿತ್ಯ ಹುಡುಕಲು ಹೊರಟಿತು. ಸ್ಕಾಟ್ ಫಿಟ್ಜ್‌ಜೆರಾಲ್ಡ್‌ನ ‘ದಿ ಗ್ರೇಟ್ ಗ್ಯಾಟ್ಸ್‌ಬಿ’ (1925) ಓದಿದವರಿಗೆ ಮೇಯರ್ ವುಲ್ಫ್‌ಶೈಮ್ ನೆನಪಿರಬಹುದು. 1919ರ ವರ್ಲ್ಡ್ ಸೀರೀಸನ್ನು ಫಿಕ್ಸ್ ಮಾಡಿದವನು ಇವನೇ ಎಂದು ಗ್ಯಾಟ್ಸ್‌ಬಿ ಹೇಳಿದಾಗ ನಿರೂಪಕ ನಿಕ್ ಬೆರಗಾಗುತ್ತಾನೆ. ಕೋಟ್ಯಂತರ ಜನರ ನಂಬಿಕೆಯ ಮೇಲೆ ಒಬ್ಬನೇ ಮನುಷ್ಯ ಕೈ ಹಾಕಬಹುದು ಎಂಬುದೇ ಅವನಿಗೆ ಹೊಳೆದಿರಲಿಲ್ಲ. ಈ ಪಾತ್ರದ ಹಿಂದೆ ಇರುವವನು ನ್ಯೂಯಾರ್ಕಿನ ಜೂಜು ದೊರೆ ಆರ್ನಲ್ಡ್ ರಾಥ್‌ಸ್ಟೀನ್. ಅವನ ಮೇಲೆ ಮೊಕದ್ದಮೆಯೇ ದಾಖಲಾಗಲಿಲ್ಲ. ಫಿಟ್ಜ್‌ಜೆರಾಲ್ಡ್‌ನ ನೆರೆಯಲ್ಲಿದ್ದ ಗೆಳೆಯ ರಿಂಗ್ ಲಾರ್ಡ್ನರ್ ಆ ಸೀರೀಸನ್ನು ವರದಿ ಮಾಡಿದವನು. ಬೇಸ್‌ಬಾಲ್ ಕಥೆಗಳಿಂದಲೇ ಹೆಸರಾದ ಲಾರ್ಡ್ನರ್‌ಗೆ ಆಮೇಲೆ ಆ ಆಟದ ಮೇಲಿನ ಪ್ರೀತಿಯೇ ಹೋಯಿತು ಎನ್ನುತ್ತಾರೆ. ನನಗೆ ನಿಕ್‌ನ ಬೆರಗಿಗಿಂತ ಲಾರ್ಡ್ನರ್‌ನ ಮುನಿಸು ಹೆಚ್ಚು ನಿಜ ಅನಿಸುತ್ತದೆ.

ಬರ್ನಾರ್ಡ್ ಮಲಮುಡ್‌ನ ಮೊದಲ ಕಾದಂಬರಿ ‘ದಿ ನ್ಯಾಚುರಲ್’ (1952) ಇನ್ನೂ ಕಹಿ. ನಾಯಕ ರಾಯ್ ಹಾಬ್ಸ್ ಪಂದ್ಯ ಸೋಲಲು ಹಣ ಒಪ್ಪಿಕೊಳ್ಳುತ್ತಾನೆ. ಆಟದ ನಡುವೆ ಮನಸ್ಸು ಬದಲಾಗುತ್ತದೆ, ಆದರೆ ಅಷ್ಟರಲ್ಲಿ ಹೊತ್ತು ಮೀರಿರುತ್ತದೆ. ಪ್ರಾಮಾಣಿಕವಾಗಿ ಬ್ಯಾಟ್ ಬೀಸಿದರೂ ಚೆಂಡು ಸಿಗದೆ ಔಟಾಗುತ್ತಾನೆ. ಕೊನೆಯಲ್ಲಿ ಒಬ್ಬ ಹುಡುಗ ಪತ್ರಿಕೆ ಹಿಡಿದು, ಇದು ಸುಳ್ಳು ಅಂತ ಹೇಳಿ ಎಂದು ಅಂಗಲಾಚುತ್ತಾನೆ. 1920ರಲ್ಲಿ ನ್ಯಾಯಾಲಯದ ಹೊರಗೆ ಹುಡುಗನೊಬ್ಬ ಜೋ ಜಾಕ್ಸನ್‌ನನ್ನು ಹಾಗೆಯೇ ಬೇಡಿದ ಎಂಬ ಕಥೆಯ ನೆರಳು ಅದು. ಆ ಘಟನೆ ನಡೆದೇ ಇಲ್ಲ ಎಂದು ಜಾಕ್ಸನ್ ಕೊನೆಯವರೆಗೂ ಹೇಳಿದ, ಯಾರೂ ಕೇಳಿಸಿಕೊಳ್ಳಲಿಲ್ಲ. ಇರಲಿ. 1984ರಲ್ಲಿ ರಾಬರ್ಟ್ ರೆಡ್‌ಫರ್ಡ್ ನಟಿಸಿದ ಸಿನಿಮಾ ಬಂತು. ಅದರಲ್ಲಿ ರಾಯ್ ಹಾಬ್ಸ್ ಲಂಚ ನಿರಾಕರಿಸುತ್ತಾನೆ, ಕೊನೆಯ ಹೊಡೆತದಲ್ಲಿ ಹೋಮ್ ರನ್ ಬಾರಿಸುತ್ತಾನೆ, ಮೈದಾನದ ದೀಪಗಳು ಸಿಡಿದು ಕಿಡಿಗಳ ಮಳೆ ಸುರಿಯುತ್ತದೆ. ಮೂವತ್ತೆರಡು ವರ್ಷಗಳಲ್ಲಿ ಅದೇ ಮನುಷ್ಯ, ಅದೇ ಕೊನೆಯ ಅವಕಾಶ, ಫಲಿತಾಂಶ ಮಾತ್ರ ತಿರುಗುಮುರುಗು. ನನ್ನ ಮಟ್ಟಿಗೆ, ಅಮೆರಿಕದ ಜನಪ್ರಿಯ ಸಂಸ್ಕೃತಿ ಈ ಹಗರಣವನ್ನು ಹೇಗೆ ಅರಗಿಸಿಕೊಂಡಿತು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ.

ಕಾದಂಬರಿಕಾರನಿಗೆ ಸ್ವಾತಂತ್ರ್ಯ ಇದೆ, ಸರಿ. ಚರಿತ್ರೆ ಎಂದು ಬರೆದದ್ದರ ಕಥೆ ಏನು? ಎಲಿಯಟ್ ಆಸಿನಾಫ್‌ನ ‘ಏಯ್ಟ್ ಮೆನ್ ಔಟ್’ (1963) ಬಹುಕಾಲ ಈ ಹಗರಣದ ಪ್ರಮಾಣಗ್ರಂಥವಾಗಿತ್ತು. ಅದರ ಪ್ರಕಾರ ಮಾಲೀಕ ಚಾರ್ಲ್ಸ್ ಕಮಿಸ್ಕಿ ಮಹಾ ಜಿಪುಣ, ಹಸಿದ ಆಟಗಾರರು ಬೇರೆ ದಾರಿ ಕಾಣದೆ ಜೂಜುಕೋರರ ಕಡೆ ಹೋದರು. 1988ರ ಸಿನಿಮಾ ಇದಕ್ಕೆ ಇನ್ನಷ್ಟು ಬಣ್ಣ ಹಚ್ಚಿತು. ಸಿಕಾಟ್ 30 ಪಂದ್ಯ ಗೆದ್ದರೆ 10,000 ಡಾಲರ್ ಬೋನಸ್ ಕೊಡಬೇಕಾದೀತೆಂದು, 29 ಗೆದ್ದ ಮೇಲೆ ಮಾಲೀಕ ಅವನನ್ನು ಆಡಿಸದೆ ಕೂರಿಸಿದ ಎಂದು ತೋರಿಸಿತು. ಇತ್ತೀಚಿನ ಸಂಶೋಧಕರು ಸಂಬಳದ ದಾಖಲೆಗಳನ್ನು ತೆಗೆದು ನೋಡಿದಾಗ, 1919ರ ವೈಟ್ ಸಾಕ್ಸ್ ಲೀಗಿನಲ್ಲೇ ಹೆಚ್ಚು ಸಂಬಳ ಪಡೆಯುತ್ತಿದ್ದ ತಂಡಗಳಲ್ಲಿ ಒಂದು ಎಂದು ಗೊತ್ತಾಯಿತು. 29ನೇ ಗೆಲುವಿನ ನಂತರವೂ ಸಿಕಾಟ್ ಆಡಿದ್ದ, 30 ಮುಟ್ಟಲಿಲ್ಲ ಅಷ್ಟೇ. ಇದಕ್ಕಿಂತ ಸ್ವಾರಸ್ಯದ ಸಂಗತಿ ಇನ್ನೊಂದು. ಪುಸ್ತಕದಲ್ಲಿ ‘ಹ್ಯಾರಿ ಎಫ್.’ ಎಂಬ ರೌಡಿಯೊಬ್ಬ ಪಿಚರ್ ಲೆಫ್ಟಿ ವಿಲಿಯಮ್ಸ್‌ನನ್ನು ಬೆದರಿಸುತ್ತಾನೆ. ತನ್ನ ಪುಸ್ತಕವನ್ನು ಯಾರಾದರೂ ಕದ್ದರೆ ಸಿಕ್ಕಿಬೀಳಲಿ ಎಂದು ಆಸಿನಾಫ್ ತಾನೇ ಸೃಷ್ಟಿಸಿದ ಪಾತ್ರ ಅದು! ಅವನು ಇದನ್ನು ಹೊರಗೆ ಹೇಳುವ ಹೊತ್ತಿಗೆ ಹ್ಯಾರಿ ಎಫ್. ಎಷ್ಟೋ ‘ಚರಿತ್ರೆ’ಗಳಲ್ಲಿ ಮನೆ ಮಾಡಿಕೊಂಡಿದ್ದ.

ಹಾಗಾದರೆ ಜಾಕ್ಸನ್? ದಕ್ಷಿಣ ಕೆರೊಲಿನಾದ ಬಟ್ಟೆ ಗಿರಣಿಯಲ್ಲಿ ಬಾಲ್ಯ ಕಳೆದ, ಓದು ಬರಹ ಬಾರದ ಮನುಷ್ಯ. ಆ ಸೀರೀಸ್‌ನಲ್ಲಿ ಅವನ ಸರಾಸರಿ .375, ಹೊಡೆದ ಹಿಟ್‌ಗಳು 12. ಇಷ್ಟು ಚೆನ್ನಾಗಿ ಆಡಿದವನು ಮೋಸ ಹೇಗೆ ಮಾಡಿಯಾನು ಎಂಬುದು ಅಭಿಮಾನಿಗಳ ಪ್ರಶ್ನೆ. ನನಗೂ ಅವನ ಮೇಲೆ ಮರುಕ ಇದೆ. ಆದರೆ ದಾಖಲೆಗಳು ಮರುಕಕ್ಕೆ ಮಣಿಯುವುದಿಲ್ಲ. ಮಾತಾದ 20,000 ಡಾಲರ್‌ನಲ್ಲಿ 5,000 ತನಗೆ ತಲುಪಿತು ಎಂದು ಅವನೇ ಗ್ರ್ಯಾಂಡ್ ಜ್ಯೂರಿಗೆ ಹೇಳಿದ್ದಾನೆ. 1924ರಲ್ಲಿ ಬಾಕಿ ಸಂಬಳಕ್ಕಾಗಿ ಮಿಲ್ವಾಕಿಯಲ್ಲಿ ದಾವೆ ಹೂಡಿದಾಗ ಅವನು ಬೇರೆಯೇ ಮಾತು ಹೇಳಿದ. ಕಾಣೆಯಾಗಿದ್ದ ಹಳೆಯ ಹೇಳಿಕೆ ಅಲ್ಲಿ ಪ್ರತ್ಯಕ್ಷವಾಯಿತು. ಜ್ಯೂರಿ ಅವನ ಪರ ನಿಂತರೂ, ಇದು ಸುಳ್ಳು ಸಾಕ್ಷ್ಯ ಎಂದು ನ್ಯಾಯಾಧೀಶರು ತೀರ್ಪನ್ನು ಬದಿಗಿಟ್ಟರು. ‘ಫೀಲ್ಡ್ ಆಫ್ ಡ್ರೀಮ್ಸ್’ (1989) ಸಿನಿಮಾದಲ್ಲಿ ಜಾಕ್ಸನ್ ಜೋಳದ ಹೊಲದಿಂದ ನಡೆದು ಬರುವ ನಿಷ್ಕಪಟ ಆತ್ಮ. ಆ ಆತ್ಮ ಬಲಗೈ ಬ್ಯಾಟರ್, ನಿಜವಾದ ಜಾಕ್ಸನ್ ಎಡಗೈ ಬ್ಯಾಟರ್. ಜನ ಕ್ಷಮಿಸಿದ್ದು ಯಾವ ಜಾಕ್ಸನ್‌ನನ್ನು ಎಂಬ ಅನುಮಾನ ನನಗೆ ಇದರಿಂದಲೇ ಹುಟ್ಟಿದ್ದು.

ಆ ಸಿನಿಮಾ ತೆರೆಕಂಡ ವರ್ಷವೇ ಪೀಟ್ ರೋಸ್ ನಿಷೇಧಕ್ಕೊಳಗಾದ. 4,256 ಹಿಟ್‌ಗಳ ಒಡೆಯ, ಇಂದಿಗೂ ಮುರಿಯದ ದಾಖಲೆ. ಸಿನ್ಸಿನಾಟಿ ತಂಡದ ವ್ಯವಸ್ಥಾಪಕನಾಗಿದ್ದಾಗ ಬೇಸ್‌ಬಾಲ್ ಪಂದ್ಯಗಳ ಮೇಲೆ ಬಾಜಿ ಕಟ್ಟಿದ್ದು ಆರೋಪ. ಅವನನ್ನು ಹೊರಹಾಕಿದ ಕಮಿಷನರ್ ಬಾರ್ಟ್ ಜಿಯಾಮ್ಯಾಟಿ ನಮ್ಮಂಥವರ ಪಂಗಡದವನು. ನವೋದಯ ಕಾಲದ ಇಟಾಲಿಯನ್ ಮತ್ತು ಇಂಗ್ಲಿಷ್ ಕಾವ್ಯದ ವಿದ್ವಾಂಸ, ಯೇಲ್ ವಿಶ್ವವಿದ್ಯಾಲಯದ ಅಧ್ಯಕ್ಷನಾಗಿದ್ದವನು. ಚಳಿಗಾಲ ಬರುತ್ತಲೇ ಬೇಸ್‌ಬಾಲ್ ನಮ್ಮನ್ನು ಒಂಟಿಯಾಗಿ ಬಿಟ್ಟುಹೋಗುವುದರ ಬಗ್ಗೆ 1977ರಲ್ಲಿ ಅವನು ಬರೆದ ಪುಟ್ಟ ಪ್ರಬಂಧವನ್ನು ಅಭಿಮಾನಿಗಳು ಪ್ರತಿ ವರ್ಷ ಹಂಗಾಮು ಮುಗಿದಾಗ ಮತ್ತೆ ತೆಗೆದು ಓದುತ್ತಾರೆ. ಆಗಸ್ಟ್ 24ರಂದು ರೋಸ್‌ನ ನಿಷೇಧ ಘೋಷಿಸಿದ ಜಿಯಾಮ್ಯಾಟಿ ಸೆಪ್ಟೆಂಬರ್ 1ರಂದು ಹೃದಯಾಘಾತದಿಂದ ತೀರಿಕೊಂಡ. ರೋಸ್ ತಪ್ಪೊಪ್ಪಿಕೊಂಡದ್ದು 2004ರಲ್ಲಿ, ಅದೂ ಮಾರಾಟಕ್ಕಿಟ್ಟ ಆತ್ಮಕಥೆಯಲ್ಲಿ.

ಇಷ್ಟರ ನಡುವೆ ಒಲೆಯ ಸುತ್ತ ಕೂತವರೂ ಸುಮ್ಮನಿರಲಿಲ್ಲ. ರಾಬರ್ಟ್ ಕೂವರ್‌ನ 1968ರ ಕಾದಂಬರಿಯಲ್ಲಿ ಒಬ್ಬ ಒಂಟಿ ಗುಮಾಸ್ತ ಅಡುಗೆಮನೆಯ ಮೇಜಿನ ಮೇಲೆ ದಾಳ ಉರುಳಿಸಿ ಇಡೀ ಬೇಸ್‌ಬಾಲ್ ಲೀಗ್ ನಡೆಸುತ್ತಾನೆ. ಪಗಡೆಯ ಕಥೆ ಕೇಳಿ ಬೆಳೆದ ನಮಗೆ, ದಾಳ ಉರುಳಿಸಿದವನೇ ದಾಳಕ್ಕೆ ಅಧೀನನಾಗುವುದು ಹೊಸದಲ್ಲ. 1979–80ರ ಚಳಿಗಾಲದಲ್ಲಿ ಡೇನಿಯಲ್ ಒಕ್ರೆಂಟ್ ಎಂಬ ಲೇಖಕ ಗೆಳೆಯರೊಂದಿಗೆ ಸೇರಿ ‘ರೊಟಿಸರಿ ಲೀಗ್’ ಕಟ್ಟಿದ. ನಿಜವಾದ ಆಟಗಾರರನ್ನು ಕಾಗದದ ಮೇಲೆ ಹರಾಜಿನಲ್ಲಿ ಕೊಂಡು, ಅವರ ಅಂಕಿಅಂಶದ ಮೇಲೆ ಸ್ಪರ್ಧಿಸುವುದು. ನ್ಯೂಯಾರ್ಕಿನ ಒಂದು ಹೋಟೆಲಿನ ಹೆಸರೇ ಆಟದ ಹೆಸರಾಯಿತು. ಇಂದಿನ ಫ್ಯಾಂಟಸಿ ಕ್ರೀಡೆಗಳಿಗೆ ದಾರಿ ಮಾಡಿಕೊಟ್ಟದ್ದು ಇದೇ. ಡ್ರೀಮ್11 ಕೂಡ ಆ ವಂಶದ ಕೂಸು. ಇದು ಕೌಶಲವೋ ಅದೃಷ್ಟವೋ ಎಂಬ ವಾದದಲ್ಲೇ ಕರ್ನಾಟಕದ 2021ರ ಆನ್‌ಲೈನ್ ಜೂಜು ತಿದ್ದುಪಡಿ 2022ರ ಫೆಬ್ರವರಿಯಲ್ಲಿ ಹೈಕೋರ್ಟಿನಲ್ಲಿ ಬಿದ್ದುಹೋಯಿತು. 2025ರ ಆಗಸ್ಟ್‌ನಲ್ಲಿ ಕೇಂದ್ರದ ಕಾನೂನು ಬಂದು ಹಣದ ಆಟಗಳನ್ನೇ ನಿಷೇಧಿಸಿದಾಗ ಭಾರತ ಕ್ರಿಕೆಟ್ ತಂಡದ ಅಂಗಿಯ ಮೇಲಿಂದ ಡ್ರೀಮ್11 ಹೆಸರು ಹೋಯಿತು.

ಅಮೆರಿಕ ಅದರ ವಿರುದ್ಧ ದಿಕ್ಕಿಗೆ ಹೋಗಿತ್ತು. 2018ರ ಮೇ ತಿಂಗಳಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಕ್ರೀಡಾ ಬೆಟ್ಟಿಂಗ್ ತಡೆದಿದ್ದ 1992ರ ಕಾನೂನನ್ನು ತಳ್ಳಿಹಾಕಿತು. ಆ ನವೆಂಬರ್‌ನಲ್ಲಿ, ಮೈದಾನಗಳು ಖಾಲಿ ಇದ್ದಾಗ, ಮೇಜರ್ ಲೀಗ್ ಬೇಸ್‌ಬಾಲ್ ಎಂಜಿಎಂ ಎಂಬ ಕ್ಯಾಸಿನೋ ಕಂಪನಿಯೊಂದಿಗೆ ಒಪ್ಪಂದ ಮಾಡಿಕೊಂಡಿತು. ಈಗ ಪಂದ್ಯದ ಮೇಲಷ್ಟೇ ಅಲ್ಲ, ಒಂದೊಂದು ಎಸೆತದ ಮೇಲೂ ಬಾಜಿ ಕಟ್ಟಬಹುದು. 2025ರ ನವೆಂಬರ್‌ನಲ್ಲಿ ಕ್ಲೀವ್‌ಲ್ಯಾಂಡ್ ತಂಡದ ಇಬ್ಬರು ಪಿಚರ್‌ಗಳ ಮೇಲೆ, ಮೊದಲೇ ಹೇಳಿಟ್ಟು ಎಸೆತ ಹಾಕಿದರೆಂಬ ಆರೋಪ ಬಂತು. ಇಬ್ಬರೂ ಅಲ್ಲಗಳೆದಿದ್ದಾರೆ. ಕೂಡಲೇ ಲೀಗ್ ಒಂದು ಎಸೆತದ ಮೇಲಿನ ಬಾಜಿಗೆ 200 ಡಾಲರ್ ಮಿತಿ ಹಾಕಿಸಿತು. ಪಂದ್ಯ ಸೋಲಲು 1919ರಲ್ಲಿ ಎಂಟು ಜನ ಬೇಕಾಗಿದ್ದರು. ಒಂದು ಎಸೆತ ತಪ್ಪಲು ಒಬ್ಬ ಸಾಕು, ತಂಡ ಗೆದ್ದರೂ ತೊಂದರೆಯಿಲ್ಲ.

ಅದೇ 2025ರ ಮೇ 13ರಂದು ಕಮಿಷನರ್ ರಾಬ್ ಮ್ಯಾನ್‌ಫ್ರೆಡ್ ಜಾಕ್ಸನ್, ರೋಸ್ ಸೇರಿ ತೀರಿಹೋದ 17 ಮಂದಿಯ ನಿಷೇಧ ತೆಗೆದರು. ಸತ್ತವರಿಂದ ಆಟಕ್ಕೆ ಅಪಾಯವಿಲ್ಲ ಎಂಬುದು ಅವರ ಕಾರಣ. ರೋಸ್ ಸತ್ತು ಎಂಟು ತಿಂಗಳೂ ಆಗಿರಲಿಲ್ಲ. ಈ ತರ್ಕ ನನಗೆ ಒಪ್ಪಿಗೆಯಾಗುವುದಿಲ್ಲ. ಲ್ಯಾಂಡಿಸ್‌ನ ನಿಷೇಧದ ಬಲವಿದ್ದದ್ದೇ ಅದು ಸಾವನ್ನೂ ದಾಟುತ್ತದೆ ಎಂಬಲ್ಲಿ. ಬಾಜಿ ಕಂಪನಿಗಳ ಜಾಹೀರಾತು ಮೈದಾನದ ಗೋಡೆಯ ಮೇಲಿರುವಾಗ ಆ ಹೆದರಿಕೆಯನ್ನು ಸಡಿಲಿಸಿದ್ದು ಯಾರಿಗಾಗಿ?

ಹಾಲ್ ಆಫ್ ಫೇಮ್‌ನ ಸಂಬಂಧಪಟ್ಟ ಸಮಿತಿ ಇನ್ನು ಸೇರುವುದು 2027ರ ಡಿಸೆಂಬರ್‌ನಲ್ಲಿ. 16 ಜನರಲ್ಲಿ 12 ಮತ ಬೇಕು. ಅಲ್ಲಿಯವರೆಗೆ ಒಲೆಯ ಸುತ್ತ ಜಾಕ್ಸನ್, ರೋಸ್ ಎಂಬ ಎರಡು ಹೆಸರುಗಳೇ ಓಡಾಡುತ್ತವೆ. ಬಕ್ ವೀವರ್‌ನ ಹೆಸರು ಎತ್ತುವವರು ಕಡಿಮೆ. ಎಂಟು ಜನರಲ್ಲಿ ಅವನೂ ಒಬ್ಬ. ಒಳಸಂಚಿನ ಮಾತುಕತೆಯಲ್ಲಿ ಕೂತಿದ್ದ, ದುಡ್ಡು ಮುಟ್ಟಲಿಲ್ಲ, ಸೀರೀಸ್‌ನಲ್ಲಿ .324 ಸರಾಸರಿಯಲ್ಲಿ ಹೊಡೆದ, ಫೀಲ್ಡಿಂಗ್‌ನಲ್ಲಿ ಒಂದೂ ತಪ್ಪು ಮಾಡಲಿಲ್ಲ. ಗೊತ್ತಿದ್ದೂ ಹೇಳಲಿಲ್ಲ ಎಂಬುದೊಂದೇ ಅವನ ಮೇಲಿದ್ದ ದೂರು. ಹೆಸರು ತೊಳೆದುಕೊಳ್ಳಲು ಮತ್ತೆ ಮತ್ತೆ ಅರ್ಜಿ ಹಾಕಿದ, ಒಂದಕ್ಕೂ ಒಪ್ಪಿಗೆ ಸಿಗಲಿಲ್ಲ. 1956ರ ಜನವರಿಯಲ್ಲಿ ಚಿಕಾಗೋದ ರಸ್ತೆಯೊಂದರಲ್ಲಿ ಕುಸಿದು ಸತ್ತ.